ಕುದುರೆಮುಖದ ಗಣಿ ನಿಂತಿದ್ದು ಇರಾನ್ ಕೈಕೊಟ್ಟಿದ್ದಕ್ಕಾ, ಕೋರ್ಟಿನಿಂದಾನಾ?

ಹಾಸನದ ಸವಾರ:
ಹೋದ ಭಾನುವಾರ ಬೇಲೂರು, ಮೂಡಿಗೆರೆ, ಕೊಟ್ಟಿಗೆಹಾರ, ಕಳಸದ ಮೇಲೆ ಕಾರ್ಕಳಕ್ಕೆ ಇಳಿದೆವು. ದಾರಿಯಲ್ಲಿ ಕುದುರೆಮುಖ ಊರು ನೋಡಿ ಒಂಥರಾ ಆಯ್ತು. ಸಾಲು ಸಾಲು ಕ್ವಾರ್ಟರ್ಸ್, ಎಷ್ಟೋ ಮನೆಗೆ ಬಾಗಿಲಿಲ್ಲ, ಗೋಡೆ ತುಂಬಾ ಪಾಚಿ, ಒಂದು ಮನೆಯ ಅಡುಗೆ ಕಟ್ಟೆ ಮೇಲೆ ಜರೀಗಿಡ ಬೆಳೆದಿತ್ತು. ಟೀ ಕುಡಿಯುವಾಗ ಪಕ್ಕದಲ್ಲಿದ್ದ ಹಿರಿಯರೊಬ್ಬರು "ಇರಾನ್ ದೊರೆ ದುಡ್ಡಲ್ಲಿ ಶುರುವಾದ ಗಣಿ ಇದು, ಅವನು ಹೋದ, ಇದೂ ಹೋಯ್ತು" ಅಂದರು. ನಮ್ಮ ಮಾವ ಕೇಳಿದರೆ ಅದೆಲ್ಲ ಸುಳ್ಳು, ಕೋರ್ಟ್ ಮುಚ್ಚಿಸಿದ್ದು ಅಂತಾರೆ. ಯಾವುದು ನಿಜ? ಗೊತ್ತಿರೋರು ಸ್ವಲ್ಪ ಬಿಡಿಸಿ ಹೇಳಿ.

ಕ್ವಾರ್ಟರ್ಸ್ ಹುಡುಗ:
ಇಬ್ಬರೂ ಅರ್ಧರ್ಧ ಸರಿ ಸಾರ್. ಇರಾನ್ ಕಥೆ ಗಣಿಯ ಶುರುವಿನದು, ಕೋರ್ಟಿನ ಕಥೆ ಕೊನೆಯದು. ಮಧ್ಯೆ ಇಪ್ಪತ್ತೈದು ವರ್ಷ ಗಣಿ ಚೆನ್ನಾಗೇ ನಡೀತು. ಅಪ್ಪ ಅಲ್ಲೇ ಕೆಲಸ ಮಾಡಿದವರು, ನಾನು ಅಲ್ಲೇ ಹುಟ್ಟಿದ್ದು.

ಕಬ್ಬಿಣದ ಅದಿರು ಇರೋದು ಗೊತ್ತಾಗಿದ್ದು ತುಂಬಾ ಹಿಂದೆ. 1913ರಲ್ಲಿ ಮೈಸೂರು ಭೂವಿಜ್ಞಾನ ಇಲಾಖೆಯ ಸಂಪತ್ ಅಯ್ಯಂಗಾರ್ ಕಂಡುಹಿಡಿದರು. ಆದರೆ ಅದನ್ನು ತೆಗೆಯೋದು ಸುಲಭ ಇರಲಿಲ್ಲ. ಬಳ್ಳಾರಿ ಕಡೆ ಒಳ್ಳೆ ಅದಿರಲ್ಲಿ ಕಬ್ಬಿಣ ಶೇ 60ಕ್ಕಿಂತ ಜಾಸ್ತಿ ಇರುತ್ತೆ, ಇಲ್ಲಿ ಬರೀ 38ರ ಆಸುಪಾಸು. ಅಗೆದು ಲಾರಿಗೆ ತುಂಬಿ ಕಳಿಸಿದರೆ ಯಾರೂ ಕೊಳ್ಳಲ್ಲ. ಅರೆದು, ತೊಳೆದು, ಕಬ್ಬಿಣ ಬೇರೆ ಮಾಡಬೇಕು. ಅಷ್ಟು ದೊಡ್ಡ ಕಾರ್ಖಾನೆ ಹಾಕೋಕೆ ದುಡ್ಡೆಲ್ಲಿ?

ಅಲ್ಲಿ ಬಂದಿದ್ದು ಇರಾನ್. ಎಪ್ಪತ್ತರ ದಶಕದಲ್ಲಿ ಎಣ್ಣೆ ಬೆಲೆ ಏರಿ ಅವರ ಹತ್ತಿರ ದುಡ್ಡು ಜೋರಾಗಿತ್ತು, ಅಲ್ಲಿನ ದೊರೆ ಷಾ ಅವರಿಗೆ ಉಕ್ಕಿನ ಕಾರ್ಖಾನೆ ಕಟ್ಟೋ ಆಸೆ. 1975ರ ಕೊನೆಯಲ್ಲಿ ಒಪ್ಪಂದ ಆಯ್ತು. 63 ಕೋಟಿ ಡಾಲರ್ ಸಾಲ ಅವರದು, ಬದಲಿಗೆ 21 ವರ್ಷದಲ್ಲಿ 15 ಕೋಟಿ ಟನ್ ಅದಿರಿನ ಪುಡಿ ನಮ್ಮದು. 1976ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಕುದುರೆಮುಖ ಐರನ್ ಓರ್ ಕಂಪನಿ ಲಿಮಿಟೆಡ್ ಅಂತ ಕಂಪನಿ ಶುರು ಮಾಡಿತು. ಕಟ್ಟೋ ಕೆಲಸ ಇನ್ನೂ ನಡೀತಿತ್ತು, ಅಷ್ಟರಲ್ಲಿ 1979ರಲ್ಲಿ ಅಲ್ಲಿ ಕ್ರಾಂತಿ. ಸುಮಾರು 25.5 ಕೋಟಿ ಡಾಲರ್ ಕೊಟ್ಟು ಅವರು ಕೈ ಎತ್ತಿದರು. ಉಳಿದಿದ್ದನ್ನು ನಮ್ಮ ಸರ್ಕಾರವೇ ಹಾಕಿ ಮುಗಿಸಿತು. ಗಣಿ ರೆಡಿ, ಅದಕ್ಕಾಗೇ ಕಟ್ಟಿಸಿದ ಗಿರಾಕಿ ನಾಪತ್ತೆ! ಬೇರೆ ದೇಶಗಳ ಹಿಂದೆ ಬಿದ್ದು ಮಾರಬೇಕಾಯ್ತು. ಆ ನುಣ್ಣನೆ ಪುಡಿ ಹಾಗೇ ಕುಲುಮೆಗೆ ಹಾಕೋಕೆ ಬರಲ್ಲ ಅಂತ 1987ರಲ್ಲಿ ಮಂಗಳೂರಿನ ಪಣಂಬೂರಲ್ಲಿ ಉಂಡೆ ಕಟ್ಟೋ ಕಾರ್ಖಾನೆ ಶುರು ಆಯ್ತು. ಪೆಲೆಟ್ ಅಂತಾರಲ್ಲ, ಅದು. ಗೋಲಿಗಿಂತ ಸ್ವಲ್ಪ ಚಿಕ್ಕದು.

ಸಂಸೆ ಮಳೆ:
ಕ್ವಾರ್ಟರ್ಸ್ ಹುಡುಗ ಹೇಳಿದ್ದು ಚೆನ್ನಾಗಿದೆ, ಆದ್ರೆ ಭದ್ರೆಯ ಹೆಸರೇ ಎತ್ತಲಿಲ್ಲ ಮಾರಾಯ್ರೆ. ಲೆಕ್ಕ ನೋಡಿ. ವರ್ಷಕ್ಕೆ 2.25 ಕೋಟಿ ಟನ್ ಅಗೆದರೆ ಕೈಗೆ ಸಿಗೋದು 75 ಲಕ್ಷ ಟನ್ ಪುಡಿ. ಮೂರರಲ್ಲಿ ಎರಡು ಪಾಲು ಕೆಸರು. ಅದನ್ನು ಹಿಡಿದಿಡೋಕೇ ಲಕ್ಯಾ ಹೊಳೆಗೆ ಸುಮಾರು ನೂರು ಮೀಟರ್ ಎತ್ತರದ ಅಣೆಕಟ್ಟು ಕಟ್ಟಿದ್ದು. ದೂರದಿಂದ ನೋಡಿದರೆ ಗದ್ದೆಬೈಲಿನ ಥರ ಸಪಾಟಾಗಿ ಕಾಣುತ್ತೆ, ನೀರಿನ ಅಡಿಯೆಲ್ಲ ಹೂಳು. ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ಮಳೆ ಬೀಳೋ ಕಣಿವೆಯಲ್ಲಿ ಗುಡ್ಡದ ತಲೆ ಬೋಳಿಸಿದರೆ ಮಣ್ಣು ಎಲ್ಲಿಗೆ ಹೋಗುತ್ತೆ? ಗಂಗಾಮೂಲ ಅಲ್ಲೇ ಹತ್ತಿರ. ತುಂಗೆ, ಭದ್ರೆ, ನೇತ್ರಾವತಿ ಮೂರೂ ಅಲ್ಲಿಂದಲೇ ಹೊರಡೋದು.

1987ರಲ್ಲಿ ಸುತ್ತಲ ಕಾಡನ್ನು ರಾಷ್ಟ್ರೀಯ ಉದ್ಯಾನ ಅಂತ ಘೋಷಿಸಿದರು. ಗಣಿಯ 30 ವರ್ಷದ ಗುತ್ತಿಗೆ 1999ರಲ್ಲಿ ಮುಗೀತು. ಕಂಪನಿಗೆ ಇನ್ನೂ 20 ವರ್ಷ ಬೇಕಿತ್ತು, ಸುಮ್ನೆ ಸ್ವಲ್ಪ ಸ್ವಲ್ಪ ಕಾಲಾವಕಾಶ ಸಿಗ್ತಾ ಇತ್ತು. ನಾಗರಹೊಳೆಯಲ್ಲಿ ರೇಂಜರ್ ಆಗಿದ್ದ ಕೆ.ಎಂ. ಚಿಣ್ಣಪ್ಪ ಸುಪ್ರೀಂ ಕೋರ್ಟಿಗೆ ಹೋದರು. 2002ರ ಅಕ್ಟೋಬರ್ 30ಕ್ಕೆ ತೀರ್ಪು ಬಂತು, 2005ರ ಕೊನೆಗೆ ನಿಲ್ಲಿಸಿ ಅಂತ. ಡಿಸೆಂಬರ್ 31ಕ್ಕೆ ನಿಂತಿತು. ಅಷ್ಟೊತ್ತಿಗೆ ಇರಾನ್ ಹೋಗಿ ಎಷ್ಟು ವರ್ಷ ಆಗಿತ್ತು ನೀವೇ ಎಣಿಸಿ.

ಕ್ವಾರ್ಟರ್ಸ್ ಹುಡುಗ:
ಒಪ್ಪಿದೆ. ತೀರ್ಪು ತಪ್ಪು ಅಂತ ನಾನು ಹೇಳ್ತಿಲ್ಲ. ಆದರೆ ಶಾಲೆ, ಆಸ್ಪತ್ರೆ, ಬಸ್ಸು ಎಲ್ಲ ಗಣಿ ಹಿಂದೇನೇ ಬಂದ ಊರಲ್ಲಿ ಗಣಿ ನಿಂತ ಮೇಲೆ ಏನಾಗುತ್ತೆ ಅಂತ ನೋಡಿದವರಿಗೇ ಗೊತ್ತು. ಆ ವರ್ಷ ನಮ್ಮ ತರಗತಿಯಲ್ಲಿ ವಾರಕ್ಕೊಬ್ಬರು ಟಿಸಿ ತಗೊಂಡು ಹೋಗ್ತಿದ್ದರು.

ತರೀಕೆರೆ ಮಾಮ:
ಜಿಲ್ಲೆಯ ಕಬ್ಬಿಣ ಅಂದ್ರೆ ಎಲ್ಲರೂ ಕುದುರೆಮುಖ ಅಂತೀರಿ. ಕೆಮ್ಮಣ್ಣುಗುಂಡಿ ಅದಿರು ರೋಪ್‌ವೇನಲ್ಲಿ ತಣಿಗೆಬೈಲಿಗೆ ಇಳಿದು ಭದ್ರಾವತಿಗೆ ಹೋಗ್ತಿದ್ದದ್ದು ಅದಕ್ಕಿಂತ ಎಷ್ಟೋ ಹಿಂದಿನ ಮಾತು. ಅದಕ್ಕೆ ಬೇರೆ ಥ್ರೆಡ್ ಬೇಕು, ಇಲ್ಲಿ ಬೇಡ.

ಹಾಸನದ ಸವಾರ:
ಎಲ್ಲರಿಗೂ ಥ್ಯಾಂಕ್ಸ್. ಹಾಗಾದರೆ ಕಂಪನಿ ಈಗ ಪೂರ್ತಿ ಮುಚ್ಚಿದೆಯಾ? ಇನ್ನೊಂದು ಸಣ್ಣ ಡೌಟು. ಅಷ್ಟು ಕಲ್ಲಿನಿಂದ ಕಬ್ಬಿಣ ಮಾತ್ರ ಬೇರೆ ಮಾಡ್ತಿದ್ದದ್ದು ಹೇಗೆ? ಆ ಘಟ್ಟದಲ್ಲಿ ಲಾರಿ ಇಳಿಸೋದೂ ಕಷ್ಟ ಅಲ್ವಾ?

ಕ್ವಾರ್ಟರ್ಸ್ ಹುಡುಗ:
ಇಲ್ಲ, ಕಂಪನಿ ಇದೆ. 2009ರಲ್ಲಿ ಹೆಸರು ಕೆಐಒಸಿಎಲ್ ಅಂತ ಚಿಕ್ಕದಾಯ್ತು. ಮಂಗಳೂರಿನ ಪೆಲೆಟ್ ಕಾರ್ಖಾನೆಗೆ ಛತ್ತೀಸ್‌ಗಢದ ಬೈಲಾಡಿಲದಿಂದೆಲ್ಲ ಅದಿರು ತರಿಸಿದರು. ಕುದುರೆಮುಖದ ಹೆಸರಿನ ಕಂಪನಿಗೆ ಬೇರೆ ಊರಿನ ಕಲ್ಲು, ನೋಡಿ!

ಲಾರಿ ಬೇಕಾಗಿರಲಿಲ್ಲ. ಪುಡಿಯನ್ನು ನೀರಲ್ಲಿ ಕಲಸಿ ರಾಗಿ ಅಂಬಲಿ ಹದಕ್ಕೆ ತಂದು ಪೈಪಿಗೆ ಬಿಡ್ತಿದ್ದರು. 67 ಕಿಲೋಮೀಟರ್ ಪೈಪು, ಘಟ್ಟದ ಇಳಿಜಾರಿದೆಯಲ್ಲ, ಹರಿದುಕೊಂಡೇ ಪಣಂಬೂರು ಸೇರ್ತಿತ್ತು. ಅಲ್ಲಿ ನೀರು ಸೋಸಿ ತೆಗೆಯೋದು.

ಬೇರೆ ಮಾಡೋದಕ್ಕೆ ಮುಖ್ಯವಾಗಿ ಅಯಸ್ಕಾಂತ. ಇಲ್ಲಿಯದು ಮ್ಯಾಗ್ನೆಟೈಟ್, ಅಯಸ್ಕಾಂತ ಕಂಡರೆ ಓಡಿ ಬರುತ್ತೆ. ಅಪ್ಪ ರಿಟೈರ್ ಆದಾಗ ತಂದ ಒಂದು ಹಾರ್ಲಿಕ್ಸ್ ಬಾಟಲಿ ಕಪ್ಪು ಪುಡಿ ನಮ್ಮ ಮನೆ ಶೋಕೇಸಲ್ಲಿ ಇದೆ. ಮಗಳು ಸ್ವಲ್ಪ ಪುಡಿ ಪೇಪರ್ ಮೇಲೆ ಉದುರಿಸಿ, ಅಡಿಯಲ್ಲಿ ಹಳೇ ಸ್ಪೀಕರ್‌ನ ಅಯಸ್ಕಾಂತ ಆಡಿಸ್ತಾಳೆ. ಹಂದಿ ಕೂದಲಿನ ಹಾಗೆ ನೆಟ್ಟಗೆ ಎದ್ದು ನಿಲ್ಲುತ್ತೆ. ಆಮೇಲೆ ಬೆರಳಿಗೆ ಅಂಟಿದ್ದನ್ನೆಲ್ಲ ಗೋಡೆಗೆ ಒರೆಸ್ತಾಳೆ, ಅದೊಂದೇ ತಲೆನೋವು.