ಬಾರ್ಡರ್ ಶುಗರ್: ಎರಡನೇ ಗಂಟೆಯ ರಕ್ತ ಕೊಡದೆ ಎದ್ದು ಬರಬೇಡಿ

ನಿರ್ವಾಹಕರು: ಈ ವಾರದ ಪ್ರಶ್ನೋತ್ತರಕ್ಕೆ, ಮಧುಮೇಹ ತಡೆಯುವ ಅಧ್ಯಯನಗಳಲ್ಲಿ ಹದಿನೈದು ವರ್ಷ ಕೆಲಸ ಮಾಡಿದ ವೈದ್ಯೆಯೊಬ್ಬರು ನಮ್ಮ ಜೊತೆಗಿದ್ದಾರೆ. ವರದಿಯ ಚಿತ್ರ ಹಾಕುವವರು ಹೆಸರು, ಫೋನ್ ಸಂಖ್ಯೆ ಮುಚ್ಚಿ ಹಾಕಿ.

ಶಿಕ್ಷಕಿ, ಹಾಸನ: ನಮಸ್ಕಾರ ಮೇಡಂ. ನನಗೆ 43 ವರ್ಷ. ಅಮ್ಮನಿಗೂ ದೊಡ್ಡಪ್ಪನಿಗೂ ಸಕ್ಕರೆ ಕಾಯಿಲೆ ಇದೆ. ಕಳೆದ ವಾರ ಗ್ಲೂಕೋಸ್ ಕುಡಿಸಿ ರಕ್ತ ಪರೀಕ್ಷೆ ಮಾಡಿದರು. ಬರಿ ಹೊಟ್ಟೆಯಲ್ಲಿ 96, ಎರಡು ಗಂಟೆಯ ನಂತರ 168. ವರದಿಯ ಕೆಳಗೆ ‘ಐಜಿಟಿ’ ಎಂದು ಬರೆದಿದ್ದಾರೆ. ‘ಬಾರ್ಡರ್‌ನಲ್ಲಿದೆ, ಸಿಹಿ ಕಡಿಮೆ ಮಾಡಿ’ ಎಂದರು ವೈದ್ಯರು. ನನಗೆ ಕಾಯಿಲೆ ಬಂದಿದೆಯೋ ಇಲ್ಲವೋ? ಮನೆಯಲ್ಲಿ ಇನ್ನೂ ಯಾರಿಗೂ ಹೇಳಿಲ್ಲ.

ಉತ್ತರ: ಬಂದಿಲ್ಲ ಅಮ್ಮ. ಹಾಗೆಂದು ‘ಏನೂ ಇಲ್ಲ, ಹೋಗಿ’ ಎಂದೂ ನಾನು ಹೇಳುವುದಿಲ್ಲ.

75 ಗ್ರಾಂ ಗ್ಲೂಕೋಸ್ ಕುಡಿದು ಎರಡು ಗಂಟೆಯಾದ ಮೇಲೆ ರಕ್ತದ ಸಕ್ಕರೆ 140ಕ್ಕಿಂತ ಕಡಿಮೆ ಇದ್ದರೆ ಸರಿ. 200 ಮುಟ್ಟಿದರೆ ಮಧುಮೇಹ. ನಡುವಿನ 140ರಿಂದ 199ರವರೆಗಿನ ಜಾಗಕ್ಕೆ ಐಜಿಟಿ ಎನ್ನುತ್ತಾರೆ, ಅಂದರೆ ಗ್ಲೂಕೋಸನ್ನು ಅರಗಿಸಿಕೊಳ್ಳುವ ಶಕ್ತಿ ಕುಂದಿದೆ ಎಂದು ಅರ್ಥ. ರಾತ್ರಿಯಿಡೀ ಉಪವಾಸ ಇದ್ದಾಗ ಸಕ್ಕರೆಯನ್ನು ಹದದಲ್ಲಿ ಇಡುವ ಕೆಲಸ ಹೆಚ್ಚಾಗಿ ಯಕೃತ್ತಿನದು. ಅದು ನಿಮ್ಮಲ್ಲಿ ಸರಿಯಾಗಿ ನಡೆಯುತ್ತಿದೆ, 96 ಅದನ್ನೇ ಹೇಳುತ್ತದೆ. ಉಂಡ ಮೇಲೆ ಬರುವ ಸಕ್ಕರೆಯನ್ನು ಒಳಗೆ ಎಳೆದುಕೊಳ್ಳುವ ದೊಡ್ಡ ಪಾಲು ಮಾಂಸಖಂಡಗಳದು. ಅವು ಇನ್ಸುಲಿನ್ ಕರೆದರೂ ಬೇಗ ಓಗೊಡುತ್ತಿಲ್ಲ. ಇನ್ಸುಲಿನ್ ಸುರಿಸಿ ಕರೆಯುವ ಮೇದೋಜೀರಕ ಗ್ರಂಥಿಯೂ ದಣಿಯಲು ಶುರುವಾಗಿದೆ.

ಬರಿ ಹೊಟ್ಟೆಯ ರಕ್ತವನ್ನಷ್ಟೇ ಕೊಟ್ಟಿದ್ದರೆ ನಿಮಗೆ ‘ನಾರ್ಮಲ್’ ಎಂಬ ಚೀಟಿ ಸಿಗುತ್ತಿತ್ತು. ಅದು ನನ್ನನ್ನು ಬಹಳ ಕಾಡುವ ಸಂಗತಿ. ನಾನಿದ್ದ ಕೇಂದ್ರದಲ್ಲಿ ಬೆಳಿಗ್ಗೆ ಏಳಕ್ಕೆ ಸ್ಟೀಲ್ ಲೋಟಗಳನ್ನು ಸಾಲಾಗಿ ಇಟ್ಟು ಗ್ಲೂಕೋಸ್ ಕಲಕುತ್ತಿದ್ದೆವು. ವಾಕರಿಕೆ ಬರುವವರಿಗೆ ನಾಲ್ಕು ಹನಿ ನಿಂಬೆರಸ. ಐದು ನಿಮಿಷದಲ್ಲಿ ಕುಡಿದು ಮುಗಿಸಿ ಬೆಂಚಿನ ಮೇಲೆ ಎರಡು ಗಂಟೆ ಕೂರಬೇಕು, ತಿನ್ನುವಂತಿಲ್ಲ, ಓಡಾಡುವಂತಿಲ್ಲ. ಒಮ್ಮೆ ಒಬ್ಬ ತಾಯಿ ಒಂದು ಗಂಟೆಗೇ ಎದ್ದು ಬಸ್ಸಿಗೆ ಹೊರಟುಬಿಟ್ಟರು. ಬರಿ ಹೊಟ್ಟೆಯ ಸಕ್ಕರೆ 92 ಇತ್ತು. ಮರುವಾರ ಕರೆಸಿ, ಪಕ್ಕದಲ್ಲೇ ಕೂತು ಮಾತಾಡಿಸುತ್ತಾ ಪರೀಕ್ಷೆ ಪೂರ್ತಿ ಮಾಡಿಸಿದೆ. ಎರಡನೇ ಗಂಟೆಯದು 187 ಬಂತು.

ಇನ್ನೊಂದು ಮಾತು. ಈ ಸಂಖ್ಯೆ ದಿನದಿಂದ ದಿನಕ್ಕೆ ಅಲ್ಲಾಡುತ್ತದೆ. ಒಂದೇ ಪರೀಕ್ಷೆಯ ಮೇಲೆ ಹಣೆಪಟ್ಟಿ ಕಟ್ಟಿಕೊಳ್ಳಬೇಡಿ, ಮತ್ತೊಮ್ಮೆ ಮಾಡಿಸಿ. ಮನೆಯಲ್ಲಿ ಮಾತ್ರ ಇವತ್ತೇ ಹೇಳಿ. ಮುಚ್ಚಿಡುವಂಥದ್ದು ಇದರಲ್ಲಿ ಏನೂ ಇಲ್ಲ, ಅಡುಗೆ ಬದಲಾಗಬೇಕಾದರೆ ಎಲ್ಲರಿಗೂ ಗೊತ್ತಿರಬೇಕು.

ಬ್ಯಾಂಕ್ ನೌಕರ, ದಾವಣಗೆರೆ: ನನಗೆ ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ 5.9 ಬಂದಿದೆ, ಬರಿ ಹೊಟ್ಟೆಯಲ್ಲಿ 104. ಇಷ್ಟು ಸಾಲದೇ? ಎರಡು ಗಂಟೆ ರಜೆ ಹಾಕಿ ಕೂರುವುದು ಕಷ್ಟ.

ಉತ್ತರ: ಕಷ್ಟ ಎಂದು ಬಲ್ಲೆ. ಆದರೂ ಒಂದು ಸಲ ಕೂತುಬಿಡಿ ಎಂದೇ ಹೇಳುತ್ತೇನೆ. ಮೂರು ತಿಂಗಳ ಸರಾಸರಿ ಒಳ್ಳೆಯ ಪರೀಕ್ಷೆ, ಆದರೆ ಕಬ್ಬಿಣದ ಕೊರತೆಯಿಂದ ರಕ್ತಹೀನತೆ ಇದ್ದವರಲ್ಲಿ ಅದು ಸುಮ್ಮನೆ ಮೇಲೇರಿ ತೋರಿಸಬಹುದು. ನಮ್ಮ ಹೆಣ್ಣುಮಕ್ಕಳಲ್ಲಿ ಇದು ಸಾಮಾನ್ಯ.

ಅದಕ್ಕಿಂತ ಮುಖ್ಯವಾದ ಕಾರಣ ಬೇರೆ ಇದೆ. ‘ಮಧುಮೇಹ ತಡೆಯಬಹುದು’ ಎಂದು ನಾವು ಧೈರ್ಯವಾಗಿ ಹೇಳುವ ಮಾತು ನಿಂತಿರುವುದೇ ಎರಡನೇ ಗಂಟೆಯ ರಕ್ತದಿಂದ ಗುರುತಿಸಿದ ಜನರ ಮೇಲೆ. ಚೆನ್ನೈಯಲ್ಲಿ ನಡೆದ ಡಿ-ಕ್ಲಿಪ್ ಅಧ್ಯಯನದ ಫಲಿತಾಂಶ 2016ರಲ್ಲಿ ಬಂತು. 578 ಜನರಿದ್ದರು. ಆಹಾರ, ವ್ಯಾಯಾಮದ ಪಾಠ, ಬೇಕಾದವರಿಗೆ ಸಕ್ಕರೆ ಇಳಿಸುವ ಮೆಟ್ಫಾರ್ಮಿನ್ ಮಾತ್ರೆ. ಒಟ್ಟಾರೆ ಮಧುಮೇಹ ಶೇ 32ರಷ್ಟು ತಗ್ಗಿತು. ಬಿಡಿಸಿ ನೋಡಿದಾಗ, ಐಜಿಟಿ ಇದ್ದವರಿಗೆ ಚೆನ್ನಾಗಿ ಫಲಿಸಿತ್ತು. ಬರಿ ಹೊಟ್ಟೆಯ ಸಕ್ಕರೆ ಮಾತ್ರ ಏರಿದ್ದವರಿಗೆ ಲಾಭ ಬಹಳ ಕಡಿಮೆ. ಕೇರಳದಲ್ಲಿ 1007 ಜನರೊಂದಿಗೆ ನಡೆಸಿದ ಅಧ್ಯಯನದಲ್ಲಿ ಊರಿನವರೇ ಊರಿನವರಿಗೆ ಕಲಿಸಿದರು. 2018ರಲ್ಲಿ ಪ್ರಕಟವಾದ ಅದರ ಲೆಕ್ಕದಲ್ಲಿ ಒಟ್ಟು ಗುಂಪಿನ ವ್ಯತ್ಯಾಸ ಖಚಿತ ಎನ್ನುವಷ್ಟು ಇರಲಿಲ್ಲ, ಐಜಿಟಿ ಇದ್ದವರಲ್ಲಿ ಮಾತ್ರ ಎದ್ದು ಕಂಡಿತು. ಆದ್ದರಿಂದ ನಿಮ್ಮದು ಯಾವ ಬಗೆ ಎಂದು ತಿಳಿದುಕೊಳ್ಳುವುದು ಎರಡು ಗಂಟೆಯ ರಜೆಗೆ ಖಂಡಿತ ತಕ್ಕದ್ದು.

ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು: ಮೇಡಂ, ‘ನಡೆಯಿರಿ, ತೂಕ ಇಳಿಸಿ’ ಎಂದು ಎಲ್ಲರೂ ಹೇಳುತ್ತಾರೆ. ನಿಜವಾದ ಪುರಾವೆ ಏನಿದೆ? ಇರುವುದೆಲ್ಲ ದಪ್ಪ ಮೈಯ ವಿದೇಶಿಯರದ್ದಲ್ಲವೇ? ನಾನು ತೆಳ್ಳಗಿದ್ದೇನೆ, ಆದರೂ ಐಜಿಟಿ.

ಉತ್ತರ: ನೀವು ಕೇಳಿದ್ದು ನನ್ನ ಮನಸ್ಸಿಗೆ ತೀರಾ ಹತ್ತಿರದ ಪ್ರಶ್ನೆ. ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲು ಚೀನಾದ ಡಾಚಿಂಗ್. 1986ರಲ್ಲಿ ಆ ಎಣ್ಣೆ ಬಾವಿಗಳ ಊರಿನಲ್ಲಿ 1,10,660 ಜನರನ್ನು ಪರೀಕ್ಷಿಸಿ, ಐಜಿಟಿ ಇದ್ದ 577 ಜನರನ್ನು ಆಯ್ದರು. 33 ಚಿಕಿತ್ಸಾಲಯಗಳಿದ್ದವು. ಯಾವ ಚಿಕಿತ್ಸಾಲಯದವರಿಗೆ ಆಹಾರದ ಸಲಹೆ, ಯಾವುದಕ್ಕೆ ವ್ಯಾಯಾಮ, ಯಾವುದಕ್ಕೆ ಎರಡೂ, ಯಾವುದು ಇಂಥ ಸಲಹೆಯಿಲ್ಲದೆ ಬರೀ ಹೋಲಿಕೆಗೆ ಎಂಬುದನ್ನು ಚೀಟಿ ಎತ್ತುವಂತೆ ನಿರ್ಧರಿಸಿದರು. ಆರು ವರ್ಷದಲ್ಲಿ ಹೋಲಿಕೆಯ ಗುಂಪಿನ ಶೇ 68ರಷ್ಟು ಜನರಿಗೆ ಮಧುಮೇಹ ಬಂತು, ಉಳಿದ ಮೂರು ಗುಂಪುಗಳಲ್ಲಿ ಶೇ 41ರಿಂದ 46. ಅವರು ಅಲ್ಲಿಗೇ ಬಿಡಲಿಲ್ಲ. ಮೂವತ್ತು ವರ್ಷಗಳ ಲೆಕ್ಕ 2019ರಲ್ಲಿ ಬಂತು: ಸಲಹೆ ಪಡೆದವರಲ್ಲಿ ಕಾಯಿಲೆ ಸುಮಾರು ನಾಲ್ಕು ವರ್ಷ ತಡವಾಗಿ ಬಂದಿತ್ತು, ಹೃದಯಾಘಾತ, ಪಾರ್ಶ್ವವಾಯುವಿನಂಥವು ಕಡಿಮೆಯಾಗಿದ್ದವು, ಆಯುಸ್ಸು ಸರಾಸರಿ ಒಂದೂವರೆ ವರ್ಷದಷ್ಟು ಹೆಚ್ಚಿತ್ತು. ಆ ಊರಿನ ಸಾಧಾರಣ ಚಿಕಿತ್ಸಾಲಯಗಳಲ್ಲಿ ಕೊಟ್ಟ ಆರು ವರ್ಷದ ಸಲಹೆಯ ಫಲ ಇದು. ನನಗೆ ಇಂದಿಗೂ ಅದನ್ನು ಓದಿದರೆ ಮೈ ಜುಮ್ಮೆನ್ನುತ್ತದೆ.

2001ರಲ್ಲಿ ಫಿನ್ಲೆಂಡ್, 2002ರಲ್ಲಿ ಅಮೆರಿಕ. ಫಿನ್ಲೆಂಡಿನಲ್ಲಿ 522 ಜನ, ಅಮೆರಿಕದಲ್ಲಿ 3234. ಎರಡೂ ಕಡೆ ಬದುಕಿನ ರೂಢಿ ಬದಲಿಸಿದವರಲ್ಲಿ ಮಧುಮೇಹ ಶೇ 58 ಕಡಿಮೆ. ಅಮೆರಿಕದಲ್ಲಿ ಕೇಳಿದ್ದು ತೂಕದಲ್ಲಿ ಶೇ 7 ಇಳಿಕೆ, ವಾರಕ್ಕೆ 150 ನಿಮಿಷದ ನಡಿಗೆ. ಅಷ್ಟೇ. ಫಿನ್ಲೆಂಡಿನವರು ಐದು ಗುರಿ ಇಟ್ಟಿದ್ದರು, ಅದರಲ್ಲಿ ನಾಲ್ಕು ಮುಟ್ಟಿದವರಲ್ಲಿ ಒಬ್ಬರಿಗೂ ಆ ಅವಧಿಯಲ್ಲಿ ಮಧುಮೇಹ ಬರಲಿಲ್ಲ.

ಈಗ ನಿಮ್ಮ ಅನುಮಾನಕ್ಕೆ ಬರುತ್ತೇನೆ. ಅವರೆಲ್ಲ ದಪ್ಪಗಿದ್ದವರು ಎಂಬುದು ಫಿನ್ಲೆಂಡ್, ಅಮೆರಿಕದ ಮಟ್ಟಿಗೆ ನಿಜ. ಅದಕ್ಕಾಗಿಯೇ ಚೆನ್ನೈಯಲ್ಲಿ ಡಾ. ಎ. ರಾಮಚಂದ್ರನ್ ಅವರ ತಂಡ ಮಾಡಿದ ಅಧ್ಯಯನ ನಮಗೆ ಮುಖ್ಯ. 2006ರಲ್ಲಿ ಪ್ರಕಟವಾಯಿತು. ಎರಡೆರಡು ಸಲ ಪರೀಕ್ಷಿಸಿ ಐಜಿಟಿ ಖಚಿತವಾದ 531 ಜನ. ಸರಾಸರಿ ವಯಸ್ಸು 46ರ ಹತ್ತಿರ, ತೂಕ ನಮ್ಮ ನಿಮ್ಮಂತೆ, ಅಮೆರಿಕದವರಿಗಿಂತ ಎಷ್ಟೋ ಕಡಿಮೆ. ಹೀಗಿದ್ದೂ ಹೋಲಿಕೆಯ ಗುಂಪಿನಲ್ಲಿ ಮೂರೇ ವರ್ಷಕ್ಕೆ ಶೇ 55 ಜನ ಮಧುಮೇಹಿಗಳಾದರು. ಅಮೆರಿಕದ ಅಧ್ಯಯನದಲ್ಲಿ ಅದೇ ಅವಧಿಗೆ ಶೇ 29. ನಮ್ಮ ಜನ ತೆಳ್ಳಗಿದ್ದೂ ಇಷ್ಟು ಬೇಗ ಜಾರುತ್ತಾರೆ ಎಂಬುದು ಎದೆ ನಡುಗಿಸುವ ಲೆಕ್ಕ.

ಅದೇ ಅಧ್ಯಯನದಲ್ಲಿ ಸಮಾಧಾನದ ಸುದ್ದಿಯೂ ಇದೆ. ನಡಿಗೆ ಮತ್ತು ಊಟದ ಬದಲಾವಣೆ ಮಾಡಿಕೊಂಡವರಲ್ಲಿ ಶೇ 39ಕ್ಕೆ ಇಳಿಯಿತು, ಅವರ ತೂಕ ಹೆಚ್ಚೇನೂ ಇಳಿಯದೆಯೇ. ತೂಕದ ಮುಳ್ಳು ಅಲ್ಲಾಡದಿದ್ದರೂ ಮಾಂಸಖಂಡದ ಒಳಗೆ ಕೆಲಸ ನಡೆದಿತ್ತು. ನಿಮ್ಮಂಥ ತೆಳ್ಳನೆಯವರು ಇದನ್ನು ನೆನಪಿಡಿ: ನಿಮಗೆ ಹೇಳುತ್ತಿರುವುದು ಕಾಲಿಗೆ, ತೊಡೆಗೆ ದಿನವೂ ಕೆಲಸ ಕೊಡಿ ಎಂದು. ಊಟವಾಗಿ ಹತ್ತು ನಿಮಿಷಕ್ಕೆ ಕಚೇರಿಯ ಕುರ್ಚಿಗೆ ಮರಳುವ ಬದಲು ಕಾಲು ಗಂಟೆ ನಡೆದು ಬನ್ನಿ. ದುಡಿಯುವ ಮಾಂಸಖಂಡ ಇನ್ಸುಲಿನ್ ಕರೆಯುವವರೆಗೂ ಕಾಯದೆ ಸಕ್ಕರೆಯನ್ನು ಎಳೆದುಕೊಳ್ಳುತ್ತದೆ.

ಗೃಹಿಣಿ, ಶಿರಸಿ: ಬಸುರಿಯಿದ್ದಾಗ ಶುಗರ್ ಬಂದು ಹೋಗಿತ್ತು. ಮಗುವಿಗೆ ಈಗ ನಾಲ್ಕು ವರ್ಷ. ಮತ್ತೆ ನೋಡಿಸಿಲ್ಲ.

ಉತ್ತರ: ದಯವಿಟ್ಟು ಈ ತಿಂಗಳೇ ಎರಡು ಗಂಟೆಯ ಪರೀಕ್ಷೆ ಮಾಡಿಸಿ ತಾಯಿ. ಹೆರಿಗೆಯಾದ 4ರಿಂದ 12 ವಾರದೊಳಗೆ ಒಮ್ಮೆ, ಆಮೇಲೆ ಒಂದರಿಂದ ಮೂರು ವರ್ಷಕ್ಕೊಮ್ಮೆ ಮಾಡಿಸಬೇಕು. ತಡವಾಯಿತೆಂದು ಹಿಂಜರಿಯಬೇಡಿ. ಅಮೆರಿಕದ ಅಧ್ಯಯನದಲ್ಲಿ ನಿಮ್ಮಂಥ ಹೆಣ್ಣುಮಕ್ಕಳಿಗೆ ನಡಿಗೆಯೂ ಫಲಿಸಿತು, ಮೆಟ್ಫಾರ್ಮಿನ್ ಮಾತ್ರೆಯೂ ಹೆಚ್ಚುಕಡಿಮೆ ಅಷ್ಟೇ ಫಲಿಸಿತು.

ಬ್ಯಾಂಕ್ ನೌಕರ, ದಾವಣಗೆರೆ: ಮಾತ್ರೆಯ ವಿಷಯ ಬಂತಲ್ಲ. ನಡೆಯುವ ಬದಲು ಮೆಟ್ಫಾರ್ಮಿನ್ ತೆಗೆದುಕೊಂಡರೆ ಆಗದೇ?

ಉತ್ತರ: ಅಮೆರಿಕದಲ್ಲಿ 850 ಮಿಲಿಗ್ರಾಂ ದಿನಕ್ಕೆರಡು ಸಲ ಕೊಟ್ಟರು, ಶೇ 31 ಕಡಿಮೆಯಾಯಿತು. ಚೆನ್ನೈಯಲ್ಲಿ 250 ಮಿಲಿಗ್ರಾಂ ಎರಡು ಸಲ, ಶೇ 26. ಗಮನಿಸಿ, ಚೆನ್ನೈಯಲ್ಲಿ ನಡಿಗೆ, ಮಾತ್ರೆ ಎರಡನ್ನೂ ಸೇರಿಸಿದಾಗ ಲಾಭ ದುಪ್ಪಟ್ಟಾಗಲಿಲ್ಲ, ಒಂದರಿಂದ ಬಂದಷ್ಟೇ ಬಂತು. ಮಾತ್ರೆ ಯಾರಿಗೆ ಬೇಕೆಂದು ನಿಮ್ಮನ್ನು ಎದುರಿಗೆ ನೋಡಿದ ವೈದ್ಯರು ತೀರ್ಮಾನಿಸಲಿ. ಅಂಗಡಿಯಿಂದ ನೀವೇ ತಂದುಕೊಳ್ಳಬೇಡಿ.

ಮಗ, ಮೈಸೂರು: ಅಪ್ಪನಿಗೆ 58. ಐಜಿಟಿ ಇದೆ ಎಂದು ಆಸ್ಪತ್ರೆಯವರು ಒಂದು ಅಧ್ಯಯನಕ್ಕೆ ಸೇರಿಕೊಳ್ಳಲು ಕೇಳಿದ್ದಾರೆ. ‘ನನ್ನ ಮೇಲೆ ಪ್ರಯೋಗ ಮಾಡುತ್ತಾರೆ’ ಎಂದು ಅಪ್ಪ ಹೆದರಿದ್ದಾರೆ.

ಉತ್ತರ: ಹೆದರಿಕೆ ಸಹಜ, ಅದನ್ನು ತಳ್ಳಿಹಾಕಬೇಡಿ. ಅಮೆರಿಕದ ಅಧ್ಯಯನದಲ್ಲೇ ಟ್ರೋಗ್ಲಿಟಜೋನ್ ಎಂಬ ಮಾತ್ರೆಯ ಗುಂಪೊಂದಿತ್ತು. ಅದು ಯಕೃತ್ತಿಗೆ ಹಾನಿ ಮಾಡುತ್ತದೆಂಬ ಆತಂಕದಿಂದ 1998ರಲ್ಲಿ ಆ ಗುಂಪನ್ನು ನಿಲ್ಲಿಸಿದರು. ಅಪಾಯ ಇರುತ್ತದೆ ಎಂದೇ ಕಾವಲು ಇಟ್ಟಿರುತ್ತಾರೆ.

ಒಪ್ಪಿಗೆ ಪತ್ರ ಕನ್ನಡದಲ್ಲಿ ಇರಲೇಬೇಕು, ಇಲ್ಲದಿದ್ದರೆ ಕೇಳಿ ಪಡೆಯಿರಿ. ಮನೆಗೆ ತಂದು ಓದಿ, ಸಹಿ ಅಲ್ಲೇ ಹಾಕಬೇಕಿಲ್ಲ. ಅಧ್ಯಯನ ನ್ಯಾಯವಾಗಿದೆಯೇ ಎಂದು ನೋಡುವ ನೀತಿ ಸಮಿತಿ ಒಪ್ಪಿದೆಯೇ, ರಾಷ್ಟ್ರೀಯ ನೋಂದಣಿಯಾದ ಸಿಟಿಆರ್‌ಐನಲ್ಲಿ ದಾಖಲಾಗಿದೆಯೇ, ಅದರ ಸಂಖ್ಯೆ ಎಷ್ಟು ಎಂದು ಕೇಳಿ. ಔಷಧಿ ಇದೆಯೇ ಅಥವಾ ಆಹಾರ, ನಡಿಗೆ ಮಾತ್ರವೇ? ತೊಂದರೆಯಾದರೆ ಚಿಕಿತ್ಸೆಯ ಖರ್ಚು ಯಾರದು? ಯಾವ ದಿನ ಬೇಕಾದರೂ ಕಾರಣ ಹೇಳದೆ ಬಿಟ್ಟು ಬರಬಹುದು, ಅದರಿಂದ ಅಲ್ಲಿನ ಚಿಕಿತ್ಸೆಗೆ ಧಕ್ಕೆ ಬರಬಾರದು. ಓದು ಬಾರದ ಅಜ್ಜಿಯೊಬ್ಬರು ಹೆಬ್ಬೆಟ್ಟು ಒತ್ತುವ ಮುನ್ನ, ‘ಚೀಟಿ ಎತ್ತಿದಾಗ ನನಗೆ ಮಾತ್ರೆಯ ಗುಂಪು ಬರದಿದ್ದರೆ?’ ಎಂದು ಸಾಕ್ಷಿಯ ಎದುರೇ ನನ್ನನ್ನು ಕೇಳಿದ್ದರು. ಅವರಿಗೆ ಪೂರ್ತಿ ಅರ್ಥವಾಗಿದೆ ಎಂದು ನನಗೆ ಗೊತ್ತಾಗಿದ್ದು ಆಗಲೇ. ನಿಮ್ಮ ತಂದೆಯವರೂ ಅಂಥದೊಂದು ಪ್ರಶ್ನೆ ಕೇಳುವಷ್ಟು ತಿಳಿದುಕೊಂಡ ಮೇಲೆ ಅವರೇ ತೀರ್ಮಾನಿಸಲಿ, ನೀವು ಒತ್ತಾಯಿಸಬೇಡಿ.

ಶಿಕ್ಷಕಿ, ಹಾಸನ: ಮನೆಯಲ್ಲಿ ಹೇಳಿದೆ ಮೇಡಂ. ಯಜಮಾನರು ರಾತ್ರಿ ನನ್ನ ಜೊತೆ ನಡೆಯಲು ಬರುತ್ತೇನೆ ಎಂದಿದ್ದಾರೆ. ಮತ್ತೊಮ್ಮೆ ಪರೀಕ್ಷೆಗೆ ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಹೋಗಬಹುದೇ? ಅಲ್ಲಿಯವರೆಗೆ ಅನ್ನ ಬಿಟ್ಟಿರಲೇ?

ಉತ್ತರ: ಬಹಳ ಸಂತೋಷವಾಯಿತು. ಮಧ್ಯಾಹ್ನ ಬೇಡ, ಭಾನುವಾರ ತೆರೆದಿರುವ ಲ್ಯಾಬ್ ನೋಡಿ ಬೆಳಿಗ್ಗೆಯೇ ಹೋಗಿ. ಪರೀಕ್ಷೆಯ ಹಿಂದಿನ ಮೂರು ದಿನ ಅನ್ನ, ಮುದ್ದೆ ಎಂದಿನಂತೆ ಉಣ್ಣಿ. ಆಗ ಬಿಟ್ಟರೆ ಎರಡನೇ ಗಂಟೆಯ ಸಂಖ್ಯೆ ಸುಳ್ಳಾಗಿ ಏರುತ್ತದೆ. ಹಿಂದಿನ ರಾತ್ರಿ ಹತ್ತರ ಮೇಲೆ ನೀರು ಬಿಟ್ಟು ಬೇರೇನೂ ಬೇಡ. ಕೊಳವೆಯಲ್ಲಿ ಹಾಗೇ ಇಟ್ಟ ರಕ್ತದಲ್ಲಿ ಸಕ್ಕರೆ ಗಂಟೆಗಂಟೆಗೂ ಇಳಿಯುತ್ತದೆ, ಆದ್ದರಿಂದ ಬೂದು ಮುಚ್ಚಳದ ಕೊಳವೆಗೆ ತೆಗೆದುಕೊಳ್ಳುತ್ತಾರೆಯೇ, ಬೇಗ ಪರೀಕ್ಷಿಸುತ್ತಾರೆಯೇ ಎಂದು ಕೇಳಿ. ಕೂರುವ ಎರಡು ಗಂಟೆಗೆ ಮಕ್ಕಳ ಉತ್ತರ ಪತ್ರಿಕೆಗಳ ಕಟ್ಟನ್ನು ಜೊತೆಗೆ ಒಯ್ಯಿರಿ. ಫಲಿತಾಂಶ ಬಂದ ಮೇಲೆ ಇಲ್ಲೇ ಬರೆಯಿರಿ, ನೋಡುತ್ತೇನೆ.