ಅಂಗಾತ ಮಲಗಿಸಿ ಅಂತ ಇಷ್ಟು ಒತ್ತಿ ಹೇಳೋದು ಯಾಕೆ? ಎಳೆಮಕ್ಕಳ ನಿದ್ದೆ ಬಗ್ಗೆ ಮಕ್ಕಳ ಡಾಕ್ಟರ್ ಜೊತೆ ಪ್ರಶ್ನೋತ್ತರ

ಗುಂಪಿನ ಅಡ್ಮಿನ್: ಇವತ್ತಿನ ವಿಷಯ ಒಂದು ವರ್ಷದೊಳಗಿನ ಮಕ್ಕಳ ನಿದ್ದೆ. ಮಕ್ಕಳ ಡಾಕ್ಟರೊಬ್ಬರು ಉತ್ತರ ಕೊಡುತ್ತಾರೆ. ಮಗುವಿಗೆ ಈಗಲೇ ಉಸಿರಾಟದ ತೊಂದರೆ ಕಾಣಿಸುತ್ತಿದ್ದರೆ ಇಲ್ಲಿ ಟೈಪ್ ಮಾಡುತ್ತಾ ಕೂರಬೇಡಿ, ಆಸ್ಪತ್ರೆಗೆ ಹೋಗಿ.

ಪ್ರಶ್ನೆ (ಎರಡು ತಿಂಗಳ ಮಗುವಿನ ಅಮ್ಮ): ನಮಸ್ಕಾರ ಡಾಕ್ಟರ್. ಡಿಸ್ಚಾರ್ಜ್ ಮಾಡುವಾಗ ಮಗುವನ್ನು ಅಂಗಾತವೇ ಮಲಗಿಸಬೇಕು ಅಂತ ಒಂದು ಹಾಳೆ ಕೊಟ್ಟರು. ನಮ್ಮ ಅತ್ತೆ ಒಪ್ಪುತ್ತಿಲ್ಲ. ಅಂಗಾತ ಮಲಗಿಸಿದರೆ ಹಾಲು ಕಕ್ಕಿ ಉಸಿರು ಕಟ್ಟುತ್ತದೆ, ಬೋರಲು ಮಲಗಿಸು ಅಂತಾರೆ. ಅವರ ನಾಲ್ಕೂ ಮಕ್ಕಳು ಬೋರಲೇ ಮಲಗಿ ಬೆಳೆದವರಂತೆ, ಯಾರಿಗೂ ಏನೂ ಆಗಲಿಲ್ಲವಂತೆ. ಯಾರ ಮಾತು ಕೇಳಲಿ?

ಡಾಕ್ಟರ್: ಹಾಳೆಯ ಮಾತು ಕೇಳಿ. ಆದರೆ ನಿಮ್ಮ ಅತ್ತೆಯವರನ್ನು ದಡ್ಡರು ಅಂದುಕೊಳ್ಳಬೇಡಿ. ಬೋರಲು ಮಲಗಿಸಿ ಅಂತ ಒಂದು ಕಾಲದಲ್ಲಿ ಹೇಳಿದವರು ಡಾಕ್ಟರುಗಳೇ. 1950ರ ದಶಕದಿಂದ ಎಂಬತ್ತರ ದಶಕದವರೆಗೂ ಅಮೆರಿಕ, ಯುರೋಪಿನ ಮಕ್ಕಳ ಆರೈಕೆ ಪುಸ್ತಕಗಳಲ್ಲಿ ಅದೇ ಸಲಹೆ ಇತ್ತು. ಕಾರಣವೂ ಇದೇ: ಕಕ್ಕಿದರೆ ಉಸಿರು ಕಟ್ಟಬಾರದು ಅಂತ. ಜೊತೆಗೆ, ಬೋರಲು ಮಲಗಿದ ಮಗು ಒಳ್ಳೆ ನಿದ್ದೆ ಮಾಡುತ್ತದೆ ಅಂತ. ಎರಡನೆಯದು ನಿಜ. ಬೋರಲು ಮಲಗಿದ ಮಗುವಿಗೆ ಸುಲಭವಾಗಿ ಎಚ್ಚರ ಆಗುವುದಿಲ್ಲ. ಅಪಾಯ ಇರೋದೇ ಅಲ್ಲಿ.

ಈಗ "ನಾಲ್ಕೂ ಮಕ್ಕಳಿಗೆ ಏನೂ ಆಗಲಿಲ್ಲ" ಅನ್ನುವ ಮಾತು. ಅದು ಸುಳ್ಳಲ್ಲ. 1992ರಲ್ಲಿ ಅಮೆರಿಕದಲ್ಲಿ ಸುಮಾರು ನೂರಕ್ಕೆ 70 ಮಕ್ಕಳು ಬೋರಲು ಮಲಗುತ್ತಿದ್ದರು. ಆ ವರ್ಷ ನಿದ್ದೆಯಲ್ಲಿ ಕಾರಣ ಗೊತ್ತಾಗದೆ ತೀರಿಕೊಂಡವರು ಸಾವಿರಕ್ಕೆ ಸುಮಾರು 1.2 ಮಕ್ಕಳು. ಅಂದರೆ ಸಾವಿರ ಮನೆಗಳಲ್ಲಿ 998 ಮನೆಯವರು "ನಮಗೇನೂ ಆಗಲಿಲ್ಲ" ಅಂತಲೇ ಹೇಳುತ್ತಾರೆ, ಅವರ ಅನುಭವ ಪೂರ್ತಿ ಸರಿ. ಈ ಅಪಾಯ ಒಂದು ಮನೆಯೊಳಗೆ ನಿಂತು ನೋಡಿದರೆ ಕಾಣುವುದೇ ಇಲ್ಲ. ಒಬ್ಬ ಡಾಕ್ಟರಿಗೂ ಕಾಣಲಿಲ್ಲ. ಸಾವಿರಾರು ಮನೆಗಳ ಲೆಕ್ಕ ಒಟ್ಟಿಗೆ ಇಟ್ಟಾಗ ಮಾತ್ರ ಕಂಡಿತು. ದೇಶ ದೇಶಗಳೇ ಅಭಿಯಾನ ಮಾಡಬೇಕಾಗಿ ಬಂದದ್ದು ಇದಕ್ಕೇ.

ಮೊದಲು ಎಚ್ಚೆತ್ತುಕೊಂಡ ದೇಶಗಳಲ್ಲಿ ನೆದರ್ಲೆಂಡ್ಸ್ ಒಂದು. ಅಲ್ಲಿ ಎಪ್ಪತ್ತರ ದಶಕದಲ್ಲಿ ಬೋರಲು ಮಲಗಿಸುವ ರೂಢಿ ಬಂತು, ಸಾವು ಏರಿತು. 1987ರಲ್ಲಿ ಬೇಡ ಅಂದರು, ಇಳಿಯಿತು. ನ್ಯೂಜಿಲೆಂಡ್‌ನಲ್ಲಿ ಇಂಥ ಸಾವು ಬಹಳ ಜಾಸ್ತಿ ಇತ್ತು. ಎಂಬತ್ತರ ದಶಕದ ಕೊನೆಯಲ್ಲಿ ಅಲ್ಲೊಂದು ದೊಡ್ಡ ಅಧ್ಯಯನ ನಡೆಯಿತು. ಬೋರಲು ಮಲಗಿಸುವುದು, ತಾಯಿಯ ಧೂಮಪಾನ, ಎದೆಹಾಲು ಕೊಡದಿರುವುದು, ಈ ಮೂರೂ ಎದ್ದು ಕಂಡವು. ಬ್ರಿಟನ್‌ನಲ್ಲಿ 1991ರಲ್ಲಿ ಟಿವಿ ನಿರೂಪಕಿ ಆ್ಯನ್ ಡೈಮಂಡ್ ಅವರ ಮಗು ಹೀಗೇ ತೀರಿಕೊಂಡಿತು. ಅವರು ನ್ಯೂಜಿಲೆಂಡ್‌ಗೆ ಹೋಗಿ ವಿಷಯ ತಿಳಿದುಕೊಂಡು ಬಂದು ಸರ್ಕಾರದ ಬೆನ್ನು ಹತ್ತಿದರು. ಅದೇ ವರ್ಷ ಡಿಸೆಂಬರಿನಲ್ಲಿ 'ಬ್ಯಾಕ್ ಟು ಸ್ಲೀಪ್', ಅಂದರೆ ಬೆನ್ನ ಮೇಲೆ ಮಲಗಿಸಿ ಅನ್ನುವ ಅಭಿಯಾನ ಶುರುವಾಯಿತು. ಕೆಲವೇ ವರ್ಷಗಳಲ್ಲಿ ಸಾವು ಅರ್ಧಕ್ಕಿಂತ ಕೆಳಗೆ ಬಂತು. ಅಮೆರಿಕದಲ್ಲಿ ಅದೇ ಹೆಸರಿನ ಅಭಿಯಾನ 1994ರಲ್ಲಿ ಬಂತು, ಅಲ್ಲೂ ಸುಮಾರು ಅರ್ಧಕ್ಕೆ ಇಳಿಯಿತು. ಹೊಸ ಔಷಧಿ ಇಲ್ಲ, ಯಂತ್ರ ಇಲ್ಲ. ಮಗುವನ್ನು ತಿರುಗಿಸಿ ಮಲಗಿಸಿದ್ದು, ಅಷ್ಟೇ.

ನನಗೆ ಇವತ್ತಿಗೂ ಚುಚ್ಚುವ ವಿಷಯ ಒಂದಿದೆ. 2005ರಲ್ಲಿ ಹಳೆಯ ಅಧ್ಯಯನಗಳನ್ನೆಲ್ಲ ಮತ್ತೆ ಒಟ್ಟುಗೂಡಿಸಿ ನೋಡಿದರು. 1970ರ ಹೊತ್ತಿಗೇ ಬೋರಲು ಮಲಗಿಸುವುದು ಅಪಾಯ ಅಂತ ಗೊತ್ತಾಗಬಹುದಿತ್ತು. ಆಗಲೇ ಹೇಳಿದ್ದರೆ ಬ್ರಿಟನ್ ಒಂದರಲ್ಲೇ 10,000ಕ್ಕೂ ಹೆಚ್ಚು ಮಕ್ಕಳು ಉಳಿಯುತ್ತಿದ್ದರು ಅಂತ ಅವರ ಲೆಕ್ಕ.

ಇನ್ನು ಹಾಲು ಕಕ್ಕುವ ಭಯ. ಮಗು ಅಂಗಾತ ಮಲಗಿದಾಗ ಶ್ವಾಸನಾಳ ಮೇಲೆ, ಅನ್ನನಾಳ ಅದರ ಕೆಳಗೆ ಇರುತ್ತದೆ. ಬಾಯಿಗೆ ಬಂದ ಹಾಲು ಮೇಲಕ್ಕೆ ಹತ್ತಿ ಶ್ವಾಸನಾಳ ಸೇರುವುದು ಕಷ್ಟ. ಬೋರಲು ಮಲಗಿದಾಗ ಶ್ವಾಸನಾಳವೇ ಕೆಳಗಾಗುತ್ತದೆ, ಹಾಲು ಅತ್ತ ಹರಿಯುವುದು ಸುಲಭ. ಮೇಲಾಗಿ ಕೆಮ್ಮಿ, ನುಂಗಿ ಸರಿಮಾಡಿಕೊಳ್ಳುವ ಶಕ್ತಿ ಆರೋಗ್ಯವಂತ ಮಗುವಿಗೆ ಇರುತ್ತದೆ. ಕೋಟ್ಯಂತರ ಮಕ್ಕಳು ಅಂಗಾತ ಮಲಗಲು ಶುರುಮಾಡಿದ ಮೇಲೂ ಕಕ್ಕಿ ಉಸಿರುಗಟ್ಟುವ ಸಾವು ಏರಲಿಲ್ಲ. ಇದನ್ನು ಅತ್ತೆಯವರಿಗೆ ಚಿತ್ರ ಬರೆದು ತೋರಿಸಿ. ವಾದ ಮಾಡುವುದಕ್ಕಿಂತ ಅದು ಮೇಲು.

ಅದೇ ಅಮ್ಮ: ತುಂಬಾ ಥ್ಯಾಂಕ್ಸ್ ಡಾಕ್ಟರ್. ಮಗ್ಗುಲಾಗಿ ಮಲಗಿಸಿದರೆ ಇಬ್ಬರ ಮಾತೂ ಉಳಿಯುತ್ತದೆ, ಅಲ್ವಾ?

ಡಾಕ್ಟರ್: ರಾಜಿಗೆ ಚೆನ್ನಾಗಿದೆ, ಮಗುವಿಗೆ ಅಲ್ಲ. ಮಗ್ಗುಲಾಗಿ ಮಲಗಿದ ಮಗು ಸುಲಭವಾಗಿ ಬೋರಲು ಬೀಳುತ್ತದೆ. ಮೊದಮೊದಲು ಅಭಿಯಾನಗಳೂ ಮಗ್ಗುಲು ಪರವಾಗಿಲ್ಲ ಅಂದಿದ್ದವು, ಆಮೇಲೆ ಆ ಸಲಹೆಯನ್ನು ಕೈಬಿಟ್ಟರು. ಹಗಲಿನ ಸಣ್ಣ ನಿದ್ದೆಗೂ ಅಂಗಾತವೇ. ಯಾವಾಗಲೂ ಅಂಗಾತ ಮಲಗುವ ಮಗುವನ್ನು ಯಾರೋ ಒಂದು ದಿನ ಬೋರಲು ಮಲಗಿಸಿದರೆ ಅಪಾಯ ಹಲವು ಪಟ್ಟು ಜಾಸ್ತಿ. ಆದ್ದರಿಂದ ಮಗುವನ್ನು ನೋಡಿಕೊಳ್ಳುವ ಎಲ್ಲರಿಗೂ ಒಂದೇ ನಿಯಮ ಇರಲಿ.

ಪ್ರಶ್ನೆ (ಹೊಸ ಅಪ್ಪ): ಆದರೆ ಮಗುವಿಗೆ ಆಗುವುದಾದರೂ ಏನು? ಆರೋಗ್ಯವಾಗಿದ್ದ ಮಗು ಸುಮ್ನೆ ಹೇಗೆ ಹೋಗುತ್ತದೆ?

ಡಾಕ್ಟರ್: ಸುಮ್ನೆ ಅಲ್ಲ. ಮೂರು ಸಂಗತಿ ಒಟ್ಟಿಗೆ ಸೇರಿದಾಗ ಹೀಗಾಗುತ್ತದೆ ಅನ್ನುವ ವಿವರಣೆ 1994ರಲ್ಲಿ ಬಂತು, ಈಗಲೂ ಅದನ್ನೇ ಹೆಚ್ಚಿನವರು ಒಪ್ಪುತ್ತಾರೆ. ಕೆಲವು ಮಕ್ಕಳಲ್ಲಿ ಉಸಿರಾಟವನ್ನೂ ಎಚ್ಚರವನ್ನೂ ನೋಡಿಕೊಳ್ಳುವ ಮಿದುಳಿನ ಭಾಗ ಹುಟ್ಟಿನಿಂದಲೇ ಸ್ವಲ್ಪ ಸೂಕ್ಷ್ಮವಾಗಿರುತ್ತದೆ. ಹೊರಗಿನಿಂದ ನೋಡಿದರೆ ಗೊತ್ತಾಗುವುದಿಲ್ಲ. ಎರಡನೆಯದು ವಯಸ್ಸು. ಎರಡರಿಂದ ನಾಲ್ಕು ತಿಂಗಳು ಹೆಚ್ಚು ಅಪಾಯದ ಕಾಲ. ಹತ್ತರಲ್ಲಿ ಒಂಬತ್ತು ಸಾವು ಆರು ತಿಂಗಳೊಳಗೇ ಆಗುತ್ತವೆ. ಮೂರನೆಯದು ಹೊರಗಿನ ಒತ್ತಡ: ಬೋರಲು ಮಲಗುವುದು, ಮೆತ್ತನೆಯ ಹಾಸಿಗೆ, ಮುಖಕ್ಕೆ ಮುಚ್ಚಿದ ಹೊದಿಕೆ, ಸೆಕೆ.

ಮುಖ ಮೆತ್ತನೆಯ ಬಟ್ಟೆಯಲ್ಲಿ ಹುದುಗಿದಾಗ ಮಗು ತಾನು ಬಿಟ್ಟ ಗಾಳಿಯನ್ನೇ ಮತ್ತೆ ಎಳೆದುಕೊಳ್ಳುತ್ತದೆ. ಇಂಗಾಲದ ಡೈಆಕ್ಸೈಡ್ ಏರುತ್ತದೆ. ನಿಮಗೆ, ನನಗೆ ಆದರೆ ಎಚ್ಚರವಾಗಿ ತಲೆ ತಿರುಗಿಸುತ್ತೇವೆ. ಆ ಮಗುವಿಗೆ ಎಚ್ಚರವಾಗುವುದಿಲ್ಲ. ಗರ್ಭದಲ್ಲಿರುವಾಗ ನಿಕೋಟಿನ್ ತಾಗಿದ ಮಕ್ಕಳಲ್ಲಿ ಎಚ್ಚರವಾಗುವ ಈ ಶಕ್ತಿ ಇನ್ನೂ ಕುಗ್ಗಿರುತ್ತದೆ. ಹೊಸ ಅಪ್ಪ ಅಂದಿರಲ್ಲ, ಸೇದುವ ಅಭ್ಯಾಸವಿದ್ದರೆ ಬಿಡಲು ಇದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ. ಮೂರರಲ್ಲಿ ಮೊದಲನೆಯದೂ ಎರಡನೆಯದೂ ನಮ್ಮ ಕೈಯಲ್ಲಿಲ್ಲ. ಎಲ್ಲ ಅಭಿಯಾನಗಳೂ ಮೂರನೆಯದನ್ನು ಹಿಡಿದುಕೊಂಡಿರುವುದು ಅದಕ್ಕೇ.

ಪ್ರಶ್ನೆ: ಐದು ತಿಂಗಳ ಮಗಳು. ಅಂಗಾತ ಮಲಗಿಸಿದರೂ ತಾನೇ ಬೋರಲು ಬೀಳುತ್ತಾಳೆ. ರಾತ್ರಿಯೆಲ್ಲ ತಿರುಗಿಸುತ್ತಾ ಕೂತಿದ್ದೇನೆ.

ಡಾಕ್ಟರ್: ಎರಡೂ ಕಡೆಗೆ ಸಲೀಸಾಗಿ ಹೊರಳಲು ಬಂದರೆ ಬಿಟ್ಟುಬಿಡಿ, ನೀವೂ ಮಲಗಿ. ಮಲಗಿಸುವಾಗ ಮಾತ್ರ ಅಂಗಾತ ಮಲಗಿಸಿ. ಸುತ್ತ ದಿಂಬು, ಗೊಂಬೆ, ಸಡಿಲ ಹೊದಿಕೆ ಇರಬಾರದು. ಬಟ್ಟೆ ಸುತ್ತಿ ಮಲಗಿಸುವ ರೂಢಿ ಇದ್ದರೆ, ಹೊರಳಲು ಪ್ರಯತ್ನ ಶುರುವಾದ ದಿನವೇ ನಿಲ್ಲಿಸಬೇಕು. ಕೈ ಕಟ್ಟಿಹಾಕಿದ ಮಗು ಬೋರಲು ಬಿದ್ದರೆ ತಲೆ ಎತ್ತಿಕೊಳ್ಳಲು ಆಗುವುದಿಲ್ಲ.

ಪ್ರಶ್ನೆ (ಹೆಸರು ಬೇಡ): ಹೇಳಲು ನಾಚಿಕೆ. ರಾತ್ರಿ ಹಾಲು ಕೊಡುತ್ತಾ ನನಗೇ ನಿದ್ದೆ ಬಂದುಬಿಡುತ್ತದೆ. ಮಗುವನ್ನು ಪಕ್ಕದಲ್ಲಿ ಮಲಗಿಸಿಕೊಳ್ಳಲೇಬೇಡಿ ಅಂತ ಪೋಸ್ಟರ್ ನೋಡಿದೆ. ಅದಕ್ಕೆ ಈಗ ಹಾಸಿಗೆ ಬಿಟ್ಟು ಸೋಫಾದಲ್ಲಿ ಕೂತು ಹಾಲು ಕೊಡುತ್ತಿದ್ದೇನೆ.

ಡಾಕ್ಟರ್: ನಾಚಿಕೆ ಯಾಕೆ? ಹಾಲೂಡಿಸುವ ತಾಯಂದಿರಿಗೆ ನಿದ್ದೆ ಬರುವುದು ಸಹಜ. ಸೋಫಾವನ್ನು ಮಾತ್ರ ಇವತ್ತೇ ಬಿಡಿ. ಸೋಫಾ, ಒರಗು ಕುರ್ಚಿಯಲ್ಲಿ ಮಗುವಿನ ಜೊತೆ ನಿದ್ದೆ ಹೋಗುವುದು ಎಲ್ಲಕ್ಕಿಂತ ಅಪಾಯ. ಸಂದಿಯಲ್ಲಿ ಮಗು ಸಿಕ್ಕಿಕೊಳ್ಳುತ್ತದೆ, ಮುಖ ಮೆತ್ತೆಗೆ ಒತ್ತುತ್ತದೆ. ನಿದ್ದೆ ಬರುವ ಸಾಧ್ಯತೆ ಇದ್ದರೆ ಹಾಸಿಗೆಯಲ್ಲೇ ಕೂತು ಹಾಲು ಕೊಡಿ. ದಿಂಬು, ಹೊದಿಕೆ ಮಗುವಿನಿಂದ ದೂರ ಸರಿಸಿರಿ. ಎಚ್ಚರವಾದ ಕೂಡಲೇ ಮಗುವನ್ನು ಅದರ ಜಾಗಕ್ಕೆ ಮಲಗಿಸಿ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2016ರಿಂದ ಇದನ್ನು ಬಾಯಿಬಿಟ್ಟು ಹೇಳುತ್ತಿದೆ. ಮೊದಲು ಬರೀ "ಬೇಡ" ಅನ್ನುತ್ತಿದ್ದರು.

ಅವರ ಮುಖ್ಯ ಸಲಹೆ ಈಗಲೂ ಒಂದೇ: ಕನಿಷ್ಠ ಆರು ತಿಂಗಳು ನಿಮ್ಮ ಕೋಣೆಯಲ್ಲೇ, ನಿಮ್ಮ ಹಾಸಿಗೆಯ ಪಕ್ಕದಲ್ಲೇ, ಆದರೆ ಮಗುವಿಗೆ ಬೇರೆ ಗಟ್ಟಿ ಹಾಸಿಗೆ. ಮನೆಯಲ್ಲಿ ಯಾರಾದರೂ ಸೇದುತ್ತಿದ್ದರೆ, ಕುಡಿದಿದ್ದರೆ, ನಿದ್ದೆ ಬರಿಸುವ ಮಾತ್ರೆ ತಗೊಂಡಿದ್ದರೆ, ಮಗು ತಿಂಗಳು ತುಂಬುವ ಮೊದಲೇ ಹುಟ್ಟಿದ್ದರೆ ಅಥವಾ ತೂಕ ಕಡಿಮೆ ಇದ್ದರೆ, ಅಂಥಲ್ಲಿ ಜೊತೆಗೆ ಮಲಗಿಸಿಕೊಳ್ಳುವುದು ಬೇಡವೇ ಬೇಡ. ನಾಲ್ಕು ತಿಂಗಳೊಳಗಿನ ಮಗುವಿಗೂ ಅಪಾಯ ಹೆಚ್ಚು.

ನೀವು ನೋಡಿದಂಥ ಪೋಸ್ಟರುಗಳ ಬಗ್ಗೆ ನನಗೆ ಸಿಟ್ಟಿದೆ. 2011ರಲ್ಲಿ ಅಮೆರಿಕದ ಮಿಲ್ವಾಕಿ ನಗರದಲ್ಲಿ ಒಂದು ಜಾಹೀರಾತು ಬಂದಿತ್ತು: ದೊಡ್ಡವರ ಹಾಸಿಗೆಯಲ್ಲಿ ಮಲಗಿದ ಮಗು, ಪಕ್ಕದಲ್ಲಿ ಕಟುಕರ ಕತ್ತಿ. ನೋಡಿದವರು ಮರೆಯುವುದಿಲ್ಲ, ನಿಜ. ಆದರೆ ಹೆದರಿದ ತಾಯಿ ಏನು ಮಾಡುತ್ತಾಳೆ? ಡಾಕ್ಟರ ಹತ್ತಿರ ಸುಳ್ಳು ಹೇಳುತ್ತಾಳೆ. ಇಲ್ಲವೇ ನಿಮ್ಮ ಹಾಗೆ ಸೋಫಾಕ್ಕೆ ಹೋಗುತ್ತಾಳೆ.

ನ್ಯೂಜಿಲೆಂಡ್‌ನವರ ದಾರಿ ನನಗೆ ಹೆಚ್ಚು ಇಷ್ಟ. ಅಲ್ಲಿನ ಮಾವೊರಿ ಜನ ಮಗುವನ್ನು ಜೊತೆಗೇ ಮಲಗಿಸಿಕೊಳ್ಳುವವರು. ಬಿಡಿ ಅಂದರೆ ಬಿಡುವುದಿಲ್ಲ. ಅದಕ್ಕೆ ನಾರಿನಿಂದ ಹೆಣೆದ 'ವಹಕುರ' ಅನ್ನುವ ಪುಟ್ಟ ತೊಟ್ಟಿಲು ತಂದರು. ಅದನ್ನು ದೊಡ್ಡವರ ಹಾಸಿಗೆಯ ಮೇಲೇ ಇಡಬಹುದು. ಮಗು ಅಮ್ಮನ ಪಕ್ಕದಲ್ಲೂ ಇರುತ್ತದೆ, ತನ್ನದೇ ಜಾಗದಲ್ಲೂ ಇರುತ್ತದೆ. 2011ರ ಕ್ರೈಸ್ಟ್‌ಚರ್ಚ್ ಭೂಕಂಪದ ಮೇಲೆ ಅದೇ ಆಲೋಚನೆಯ ಪ್ಲಾಸ್ಟಿಕ್ 'ಪೆಪಿ ಪಾಡ್'ಗಳನ್ನು ಕುಟುಂಬಗಳಿಗೆ ಹಂಚಿದರು.

ಪ್ರಶ್ನೆ: ಉಸಿರಾಟ ಅಳೆಯುವ ಕಾಲುಚೀಲ, ತಲೆ ಗುಂಡಗಾಗಿಸುವ ದಿಂಬು, ಓರೆಯಾಗಿ ಮಲಗಿಸುವ ಸೀಟು ಇವೆಲ್ಲ ತಗೋಬೇಕಾ?

ಡಾಕ್ಟರ್: ದುಡ್ಡು ಉಳಿಸಿ. ಕಾಲುಚೀಲದಂಥ ಸಾಧನಗಳು ಈ ಸಾವುಗಳನ್ನು ತಡೆಯುತ್ತವೆ ಅನ್ನಲು ಆಧಾರವಿಲ್ಲ. "ಅಲಾರಾಂ ಇದೆಯಲ್ಲ" ಅಂತ ಉಳಿದ ಎಚ್ಚರಿಕೆ ಸಡಿಲವಾಗುವುದೇ ಜಾಸ್ತಿ. ತಲೆ ದಿಂಬು ಬೇಡ. ಓರೆ ಸೀಟಿನಲ್ಲಿ ಗಲ್ಲ ಎದೆಗೆ ತಾಗಿ ಉಸಿರಿನ ದಾರಿ ಕಿರಿದಾಗುತ್ತದೆ. ಅಮೆರಿಕದಲ್ಲಿ 2019ರಲ್ಲಿ ಇಂಥ ಒಂದೇ ಮಾದರಿಯ ಸುಮಾರು 47 ಲಕ್ಷ ಸೀಟುಗಳನ್ನು ವಾಪಸ್ ಕರೆಸಿದರು. 2022ರಲ್ಲಿ ಕಾನೂನೇ ಬಂತು: 10 ಡಿಗ್ರಿಗಿಂತ ಹೆಚ್ಚು ಓರೆಯಿರುವ ನಿದ್ದೆ ಸಾಧನಗಳೂ ತೊಟ್ಟಿಲಿನ ಒಳಗೆ ಕಟ್ಟುವ ಮೆತ್ತೆಗಳೂ ಮಾರಾಟಕ್ಕಿಲ್ಲ. ಅಂಗಡಿಯಲ್ಲಿ ಸಿಗುತ್ತದೆ ಅಂದಮಾತ್ರಕ್ಕೆ ಸುರಕ್ಷಿತ ಅಂತ ಅಲ್ಲ. ಕಾರಿನ ಸೀಟಿನಲ್ಲಿ ನಿದ್ದೆ ಹೋದರೆ, ಇಳಿದ ಮೇಲೆ ಸಮತಟ್ಟಾದ ಜಾಗಕ್ಕೆ ಮಲಗಿಸಿ.

ಆದರೆ ತಲೆ ಚಪ್ಪಟೆಯಾಗುವ ಚಿಂತೆ ಸುಳ್ಳಲ್ಲ. ಅಭಿಯಾನಗಳ ಮೇಲೆ ಅದು ಹೆಚ್ಚಾಗಿದೆ. ಬಹಳಷ್ಟು ತಾನಾಗಿ ಸರಿಹೋಗುತ್ತದೆ. ಮಗು ಎಚ್ಚರವಿದ್ದಾಗ, ನೀವು ಎದುರಿಗೇ ಇದ್ದಾಗ, ದಿನಕ್ಕೆ ಎರಡು ಮೂರು ಸಲ ಸ್ವಲ್ಪ ಹೊತ್ತು ಬೋರಲು ಹಾಕಿ. ಏಳು ವಾರದ ಹೊತ್ತಿಗೆ ದಿನಕ್ಕೆ ಒಟ್ಟು 15ರಿಂದ 30 ನಿಮಿಷ ಆದರೆ ಸಾಕು. ಕತ್ತು, ಭುಜವೂ ಗಟ್ಟಿಯಾಗುತ್ತದೆ. ಅತ್ತೆಯಂದಿರ ಬೋರಲು ಆಸೆಯನ್ನೂ ಆಗಲೇ ತೀರಿಸಬಹುದು!

ಪ್ರಶ್ನೆ: ತಿಂಗಳು ತುಂಬದೆ ಹುಟ್ಟಿದ ನಮ್ಮ ಮಗನನ್ನು ಐಸಿಯುನಲ್ಲಿ ಬೋರಲು ಮಲಗಿಸುತ್ತಿದ್ದರು. ಮನೆಗೆ ಬಂದ ಮೇಲೆ ಬೇಡ ಅಂತಾರೆ. ಇದೇನು ನ್ಯಾಯ?

ಡಾಕ್ಟರ್: ಗೊಂದಲ ಆಗುವುದು ಸಹಜ. ತೀರಾ ಎಳೆಯ ಶ್ವಾಸಕೋಶಗಳಿಗೆ ಬೋರಲು ಮಲಗಿದಾಗ ಉಸಿರಾಟ ಸಲೀಸು. ಅಲ್ಲಿ ಎದೆಬಡಿತ, ಆಮ್ಲಜನಕ ಎರಡನ್ನೂ ಯಂತ್ರ ಕ್ಷಣಕ್ಷಣವೂ ನೋಡುತ್ತಿರುತ್ತದೆ, ಪಕ್ಕದಲ್ಲೇ ನರ್ಸ್ ಇರುತ್ತಾರೆ. ಮನೆಯಲ್ಲಿ ಅದಿಲ್ಲ. ಮೇಲಾಗಿ ಇಂಥ ಮಕ್ಕಳಿಗೆ ನಿದ್ದೆಯ ಅಪಾಯ ಉಳಿದವರಿಗಿಂತ ಜಾಸ್ತಿ. ನಿಜವಾಗಿ ಡಿಸ್ಚಾರ್ಜ್‌ಗೆ ಮೊದಲೇ ಅಂಗಾತ ಮಲಗುವ ಅಭ್ಯಾಸ ಮಾಡಿಸಿ, ಯಾಕೆ ಅಂತ ನಿಮಗೆ ಹೇಳಬೇಕಿತ್ತು. ಹಾಳೆಯಲ್ಲಿ ಏನೇ ಬರೆದಿರಲಿ, ಅಪ್ಪ ಅಮ್ಮ ಕಲಿಯುವುದು ನರ್ಸ್ ಮಾಡಿದ್ದನ್ನು ನೋಡಿ.

ಪ್ರಶ್ನೆ (ನರ್ಸ್): ಈ ಮಾತು ನನಗೇ ಹೇಳಿದ ಹಾಗಿದೆ. ನಮ್ಮ ವಾರ್ಡಿಗೆ ಒಂದು ಪೋಸ್ಟರ್ ಮಾಡಬೇಕು. ಜಾಗ ಕಡಿಮೆ. ಏನು ಬರೆಯಲಿ?

ಡಾಕ್ಟರ್: ದೊಡ್ಡ ಅಕ್ಷರದಲ್ಲಿ ಒಂದೇ ಸಾಲು: "ಪ್ರತಿ ನಿದ್ದೆಗೂ ಅಂಗಾತ." ಕೆಳಗೆ ಸಣ್ಣದಾಗಿ: ಗಟ್ಟಿಯಾದ ಸಮತಟ್ಟು ಹಾಸಿಗೆ, ಬೇರೆ ಜಾಗ, ಅದೇ ಕೋಣೆ, ಹೊಗೆ ಬೇಡ, ಮುಖ-ತಲೆ ಮುಚ್ಚಬೇಡಿ. ಸಾಧ್ಯವಾದರೆ ಎದೆಹಾಲು. ಎರಡು ತಿಂಗಳು ಕೊಟ್ಟರೂ ಅಪಾಯ ಸುಮಾರು ಅರ್ಧ ಇಳಿಯುತ್ತದೆ.

ಚಿತ್ರದ ಕಡೆ ಗಮನ ಕೊಡಿ. ಜಾಹೀರಾತುಗಳಲ್ಲಿ ಮಗು ಮೆತ್ತನೆ ದಿಂಬಿನ ಮೇಲೆ, ಕರಡಿ ಗೊಂಬೆ ತಬ್ಬಿಕೊಂಡು ಮಗ್ಗುಲಾಗಿ ಮಲಗಿರುತ್ತದೆ. ನಿಮ್ಮ ಚಿತ್ರಕಾರರೂ ಅಭ್ಯಾಸಬಲದಿಂದ ಅದನ್ನೇ ಬಿಡಿಸಿ ಕೊಡಬಹುದು. ಖಾಲಿ ತೊಟ್ಟಿಲು, ಒಳಗೆ ಮಗು ಮಾತ್ರ ಅಂತ ಮೊದಲೇ ಹೇಳಿಬಿಡಿ. ಅಮ್ಮ ಒಬ್ಬಳನ್ನೇ ತೋರಿಸಬೇಡಿ, ಅಜ್ಜಿಯನ್ನೂ ಅಪ್ಪನನ್ನೂ ಹಾಕಿ. ಹೊಸ ಅಮ್ಮನಿಗೆ ಮನೆಯಲ್ಲಿ ಎಲ್ಲರನ್ನೂ ಎದುರು ಹಾಕಿಕೊಳ್ಳುವ ಶಕ್ತಿ ಇರುವುದಿಲ್ಲ. ಗೋಡೆಗೆ ಅಂಟಿಸಿದ ಮೇಲೆ ವಾರ್ಡಿನ ಎಲ್ಲ ತೊಟ್ಟಿಲುಗಳನ್ನೂ ಒಮ್ಮೆ ನೋಡಿಕೊಂಡು ಬನ್ನಿ, ಪೋಸ್ಟರಿನಂತೆ ಎಷ್ಟು ಇವೆ ಅಂತ. ಕರಡು ಸಿದ್ಧವಾದಾಗ ಇಲ್ಲೇ ಹಾಕಿ, ನೋಡಿ ಹೇಳುತ್ತೇನೆ.