‘ಹಳೇಮನೆ ಬಳಗ’ದಲ್ಲಿ ಮರಕುಟಿಗನ ಜಗಳ

ಕಿಟ್ಟಣ್ಣ, ರಾತ್ರಿ 8:12
(ವಿಡಿಯೋ. ಹಲವು ಬಾರಿ ಫಾರ್ವರ್ಡ್ ಮಾಡಲಾಗಿದೆ)
ಒಂದು ಮರಕುಟಿಗ ಹಕ್ಕಿಗೋಸ್ಕರ ಅಮೆರಿಕಾ ಮಿಲಿಟರಿ ಟ್ರೈನಿಂಗ್ ಕ್ಯಾಂಪನ್ನೇ ಮುಚ್ಚಿತು!!! ನಿಜವಾದ ದೇಶಭಕ್ತರು 10 ಜನಕ್ಕೆ ಶೇರ್ ಮಾಡಿ!!!

ಕಿಟ್ಟಣ್ಣ, 8:13
ಇದ್ಕೇ ಹೇಳದು ನಾನು. ಈ ಪರಿಸರದೋರ ಕೈಗೆ ಕೊಟ್ರೆ ಬಂದೂಕ್ಗೂ ಸೈಲೆನ್ಸರ್ ಹಾಕುಸ್ತಾರೆ ಹಕ್ಕಿ ನಿದ್ದೆ ಕೆಡ್ತದೆ ಅಂತವ. ಗಡೀಲಿ ಶತ್ರು ನುಗ್ಗಿದ್ರೆ ಏನ್ ಮಾಡದು, ಒಸಿ ತಾಳ್ರಪ್ಪ ಮರಿ ಮಾಡ್ಕಬುಡ್ಲಿ ಅನ್ನದಾ

ಬೆಂಗ್ಳೂರ್ ಭಾವ, 8:15
ಸೂಪರ್ ಕಿಟ್ಟಿ. 100% ಸತ್ಯ

ಲಕ್ಷ್ಮಿ ಅತ್ತೆ, 8:17
ಯಾವ ಹಕ್ಕಿಯೋ ಪಾಪ. ಕಿಟ್ಟಿ ಊಟ ಆಯ್ತೇನಪ್ಪ

ಚಿನ್ನಿ, 8:31
ಅಣ್ಣ ಕ್ಯಾಂಪ್ ಮುಚ್ಚಿಲ್ಲ. ಅದು ನಾರ್ತ್ ಕೆರೊಲಿನಾದ ಫೋರ್ಟ್ ಬ್ರ್ಯಾಗ್, ಇವತ್ತಿಗೂ ಅಲ್ಲಿ ಪ್ಯಾರಾಚೂಟ್ ಹಾರ್ತಾನೇ ಇದಾರೆ. ಬೋರ್ಡಲ್ಲಿ ಹೆಸರು 2023ರಲ್ಲಿ ಫೋರ್ಟ್ ಲಿಬರ್ಟಿ ಅಂತ ಆಗಿ 2025ರಲ್ಲಿ ವಾಪಸ್ ಬ್ರ್ಯಾಗ್ ಆಯ್ತು, ಮುಚ್ಚಿದ್ರೆ ಎರಡೆರಡು ಸಲ ಯಾರು ಬಣ್ಣ ಬಳೀತಿದ್ರು

ಚಿನ್ನಿ, 8:36
ಕಥೆ ಏನಂದ್ರೆ ಆ ಮರಕುಟಿಗ ಬೇರೆಯವುಗಳ ಥರ ಒಣಗಿದ ಮರ ಕೊರೆಯಲ್ಲ, ವಯಸ್ಸಾದ ಪೈನ್ ಮರ ಅದೂ ಜೀವ ಇರೋದೇ ಬೇಕು, ಒಂದು ಪೊಟರೆ ಮುಗಿಸೋಕೆ ವರ್ಷಗಟ್ಲೆ ಹಿಡಿಯುತ್ತೆ, ಪೊಟರೆ ಸುತ್ತ ಚಿಕ್ಕ ಚಿಕ್ಕ ತೂತು ಕುಕ್ಕಿ ಅಂಟು ಸುರಿಯೋ ಹಂಗೆ ಮಾಡುತ್ತೆ, ಹಾವು ಹತ್ತದೆ ಇರ್ಲಿ ಅಂತ. ಅಂಥ ಮರ ಹೊರಗಡೆ ಬಹುಪಾಲು ಕಡಿದು ಮುಗಿಸಿದ್ರು, ಉಳ್ಕೊಂಡಿದ್ರಲ್ಲಿ ಒಂದು ದೊಡ್ಡ ಪಾಲು ಮಿಲಿಟರಿ ಜಾಗದಲ್ಲಿ. 1970ರಲ್ಲೇ ಅಳಿವಿನಂಚಿನ ಪಟ್ಟಿಗೆ ಸೇರಿಸಿದ್ದು. 90ರ ದಶಕದಲ್ಲಿ ಪೊಟರೆ ಇರೋ ಮರಕ್ಕೆಲ್ಲ ಬಿಳಿ ಪಟ್ಟಿ ಬಳಿದು ಸುತ್ತ 200 ಅಡಿಯೊಳಗೆ ಗುಂಡಿ ತೋಡಂಗಿಲ್ಲ ಟೆಂಟ್ ಹಾಕಂಗಿಲ್ಲ ಅಂದ್ರು. ಅಷ್ಟೇ. ಸೋಲ್ಜರ್‌ಗಳು ಆಗ ಬೈಕೊಂಡಿದ್ದು ನಿಜ

ಕಿಟ್ಟಣ್ಣ, 8:38
ನೋಡಮ್ಮ ನೀನೇ ಒಪ್ಕಂಡೆ. ಬೈಕಂಡವ್ರೆ

ಚಿನ್ನಿ, 8:42
ಮುಂದೆ ಓದಣ್ಣ. ಶೆಲ್ ಬಿದ್ದು ಆಗಾಗ ಬೆಂಕಿ ಹತ್ಕೊಳ್ಳುತ್ತಲ್ಲ, ಆ ಬೆಂಕೀಲಿ ಕೆಳಗಿನ ಕುರುಚಲು ಸುಟ್ಟೋಗುತ್ತೆ ದೊಡ್ಡ ಪೈನ್ ತಡ್ಕೊಳ್ಳುತ್ತೆ, ಆ ಹಕ್ಕಿಗೆ ಬೇಕಾಗಿದ್ದೂ ಅದೇ ಥರ ಬಯಲು ಬಯಲಾಗಿರೋ ಕಾಡು! ಆಮೇಲೆ ಬೇಸ್ ಪಕ್ಕದ ಖಾಸಗಿ ಜಮೀನು ಲೇಔಟ್ ಆಗದೇ ಇರ್ಲಿ ಅಂತ ಸೈನ್ಯವೇ ಬೇರೆಯವರ ಜೊತೆ ಸೇರಿ ದುಡ್ಡು ಹಾಕ್ತು, ಮನೆ ಎದ್ರೆ ಹಕ್ಕಿಗೂ ಜಾಗ ಇಲ್ಲ, ರಾತ್ರಿ ಫೈರಿಂಗ್ ಸದ್ದಿಗೆ ಕಂಪ್ಲೇಂಟ್ ಬೇರೆ. 2006ರ ಹೊತ್ತಿಗೆ ಆ ಭಾಗದಲ್ಲಿ ಇಟ್ಕೊಂಡಿದ್ದ ಟಾರ್ಗೆಟ್ ಮುಟ್ಟಿದ್ರು, ನಿರ್ಬಂಧಾನೂ ಸಡಿಲ ಮಾಡಿದ್ರು. 2024ರಲ್ಲಿ ಅಳಿವಿನಂಚು ಅನ್ನೋದ್ರಿಂದ ಒಂದು ಮೆಟ್ಟಿಲು ಕೆಳಗಿಳಿಸಿದಾರೆ, ಅಂದ್ರೆ ಅಪಾಯ ಸ್ವಲ್ಪ ಕಮ್ಮಿ ಆಗಿದೆ ಅಂತ

ಕಿಟ್ಟಣ್ಣ, 8:44
ಅಮೆರಿಕದೋರ ತಾವ ದುಡ್ಡದೆ ಮಾಡ್ತಾರೆ. ನಮ್ದು ಹಂಗಾ? ಒಂದ್ ಕಡೆ ಪಾಕಿಸ್ತಾನ ಒಂದ್ ಕಡೆ ಚೀನಾ. ಮಾವ ನೀವ್ ಹೇಳಿ, 24 ವರ್ಷ ಸರ್ವೀಸ್ ಮಾಡಿದೀರಿ, ಹಕ್ಕಿ ನೋಡ್ಕಂಡ್ ಗುಂಡ್ ಹೊಡೀತಿದ್ರಾ

ಬೆಂಗ್ಳೂರ್ ಭಾವ, 8:50
ಅಂದಹಾಗೆ ನಾನು ಯುಕೆ ಆನ್‌ಸೈಟ್ ಇದ್ದಾಗ ಸ್ಟೋನ್‌ಹೆಂಜ್ ನೋಡೋಕೆ ಹೋಗಿದ್ವಿ, ಅದರ ಪಕ್ಕದ ಸಾಲಿಸ್‌ಬರಿ ಬಯಲಲ್ಲಿ ಹೆಚ್ಚುಕಮ್ಮಿ ಅರ್ಧ ಆರ್ಮೀದೇ, ರೋಡಲ್ಲಿ ದನ ದಾಟುತ್ತೆ ಅನ್ನೋ ಥರ ಟ್ಯಾಂಕ್ ದಾಟುತ್ತೆ ಅಂತ ಬೋರ್ಡು. 1897ರಿಂದ ಕೊಂಡ್ಕೊಂಡಿದ್ದಂತೆ, ಬಹಳಷ್ಟು ಕಡೆ ನೇಗಿಲೇ ಬಿದ್ದಿಲ್ಲ, ಹಾಗಾಗಿ ಹುಲ್ಲು ಹಾಗೇ ಇದೆ ಅಂದ್ರು ಗೈಡು. ಟ್ಯಾಂಕ್ ಚಕ್ರದ ಗುಂಡೀಲಿ ನಿಂತ ನೀರಲ್ಲಿ ಒಂಥರಾ ಸಿಗಡಿ ಹುಟ್ಟುತ್ತಂತೆ, ಅಪರೂಪದ್ದು. ಟ್ಯಾಂಕ್ ಓಡಾಡ್ತಾ ಇದ್ರೇನೇ ಅದಕ್ಕೆ ಗುಂಡಿ!

ಚಿನ್ನಿ, 8:52
ಭಾವ ನೀವು ಯಾವ ಕಡೆ ಈಗ

ಬೆಂಗ್ಳೂರ್ ಭಾವ, 8:52
ಜನರಲ್ ನಾಲೆಡ್ಜ್ ಅಷ್ಟೇ

ಚಿನ್ನಿ, 8:55
ಬಸ್ಟರ್ಡ್ ಅಂತ ಬಯಲಲ್ಲಿ ಇರೋ ದೊಡ್ಡ ಹಕ್ಕೀನೂ ಅಲ್ಲೇ ವಾಪಸ್ ಬಿಟ್ಟಿದ್ದು. ಇಂಗ್ಲೆಂಡಲ್ಲಿ 1832ಕ್ಕೇ ಮುಗಿದುಹೋಗಿತ್ತು, 2004ರಲ್ಲಿ ರಷ್ಯಾದಿಂದ ಮರಿ ತಂದು ಆ ಮಿಲಿಟರಿ ಬಯಲಲ್ಲಿ ಶುರು ಮಾಡಿದ್ರು

ಫೌಜಿ ಮಾವ, 9:20
ಈಗ ನೋಡ್ದೆ. ವಾಕಿಂಗ್ ಹೋಗಿದ್ದೆ.
ಕಿಟ್ಟಿ ನೀನು ನನ್ ಹೆಸ್ರು ಎಳ್ದಿದ್ಕೆ ಹೇಳ್ತೀನಿ. ರಾಜಸ್ಥಾನದಲ್ಲಿ ರೇಂಜ್ ಫೈರಿಂಗು, ಏಪ್ರಿಲ್ ಇರ್ಬೇಕು. ಬೆಳಿಗ್ಗೆ ಹುಡುಗ್ರು ಲೇನ್ ಅಳೀತಾ ಇದ್ರು ಒಂದು ಟಿಟ್ಟಿಭ ಬಂದು ತಲೆಮ್ಯಾಲೆ ಕುಕ್ಕ ಹಂಗೆ ಇಳಿಯದು ಕಿರುಚದು. ನಮ್ ಹವಾಲ್ದಾರ ಒಬ್ಬ ಇದ್ದ ಹರ್ಯಾಣದೋನು, ಎಲ್ರೂ ನಿಂತ್ಕಳಿ ಕಾಲ್ ಎತ್ತಬ್ಯಾಡಿ ಅಂದ. ಅವ್ನ ಬೂಟಿಂದ ಒಂದ್ ಗೇಣು ದೂರ್ದಲ್ಲಿ ನಾಲ್ಕ್ ಮೊಟ್ಟೆ. ಗೂಡಂತ ಏನಿಲ್ಲ, ನೆಲ ಒಸಿ ಕೆರ್ದದೆ ಸುತ್ತ ಜಲ್ಲಿಕಲ್ಲು, ನಾಲ್ಕೂ ಚೂಪು ತುದಿ ಒಳಕ್ಕೆ ಮಾಡ್ಕಂಡು ಕುಂತವೆ, ಕಲ್ಲಿಗೂ ಮೊಟ್ಟೆಗೂ ವ್ಯತ್ಯಾಸ ಇಲ್ಲ. ಅವ್ನು ನಾಲ್ಕ್ ಕಲ್ಲಿಗೆ ಸುಣ್ಣ ಬಳ್ದು ಮೂಲೆಗೊಂದು ಇಟ್ಟ. ಸಾಹೇಬ್ರಿಗೆ ಹೇಳ್ದೊ. ಅವ್ರು ದುರ್ಬೀನಲ್ಲಿ ಒಂದ್ ಸತಿ ನೋಡುದ್ರು, ಲೇನ್ ಎಡಕ್ಕೆ ತಗಳಿ ಅಂದ್ರು ಅಷ್ಟೇಯ. ಹತ್ತು ನಿಮಿಷದ ಕೆಲ್ಸ

ಫೌಜಿ ಮಾವ, 9:24
ಮಧ್ಯಾನ ಆ ಬಿಸ್ಲಲ್ಲಿ ರೈಫಲ್ ಬ್ಯಾರಲ್ ಮುಟ್ಟಕ್ ಆಗ್ತಿರ್ಲಿಲ್ಲ. ಹಕ್ಕಿ ನೀರಿನ ಟ್ಯಾಂಕರ್ ಕೆಳಗೆ ಸೋರ್ತಿತ್ತಲ್ಲ ಅಲ್ಲಿಗ್ ಬರದು, ಹೊಟ್ಟೆ ಪುಕ್ಕ ನೆನುಸ್ಕಳದು, ಓಡೋಗಿ ಮೊಟ್ಟೆ ಮ್ಯಾಲೆ ಕುಂತ್ಕಳದು. ತಣ್ಣಗಾಗ್ಲಿ ಅಂತ. ಆ ಕಡೆ ಗುಂಡು ಹಾರ್ತಾನೇ ಅವೆ. ಗುಂಡಿನ ಸದ್ದಿಗೆ ಎದ್ದೋಗಲ್ಲ ಅದು ಮನ್ಸ ಹತ್ರ ಹೋದ್ರೆ ಎದ್ದೋಯ್ತದೆ

ಲಕ್ಷ್ಮಿ ಅತ್ತೆ, 9:26
ಅಯ್ಯೋ ತಾಯಿ. ನಮ್ಮ ಮದ್ದೂರು ಕಡೆ ಕೊಕ್ಕರೆ ಬೆಳ್ಳೂರಲ್ಲಿ ಹೆಜ್ಜಾರ್ಲೆ ಬಂದು ಮನೆ ಮುಂದ್ಲ ಹುಣಸೆ ಮರದಲ್ಲಿ ಗೂಡು ಕಟ್ಟಿದ್ರೆ ಹೆಣ್ಮಗಳು ಬಾಣಂತನಕ್ಕೆ ಬಂದವಳೆ ಅಂತಾರೆ. ಮರಿ ಹಾರೋಗಂಟ ಹುಣಸೇಹಣ್ಣು ಬಡಿಯಲ್ಲ ಕಣಪ್ಪ. ಅದ್ಕೆ ಫಾರೆಸ್ಟೋರು ಮರದೋರ್ಗೆ ದುಡ್ಡೂ ಕೊಡ್ತಾರೆ

ಕಿಟ್ಟಣ್ಣ, 9:29
ಮಾವ ಟಿಟ್ಟಿಭ ಊರ್ ತುಂಬ ಅವೆ, ನಮ್ ಗದ್ದೆ ಬದೀಲೂ ಅವೆ. ಅದೊಂದು ಹೋದ್ರೆ ಏನಾದ್ದು. ದೊಡ್ ವಿಷ್ಯ ಮಾತಾಡಿ. ಮಿಲಿಟರಿಗೆ ಜಾಗ ಬೇಕು ಅಂದ್ರೆ ಬೇಕು

ಫೌಜಿ ಮಾವ, 9:31
ಬ್ಯಾಡ ಅಂದೋರ್ ಯಾರು

ಚಿನ್ನಿ, 9:37
ದೊಡ್ಡ ವಿಷ್ಯ ಬೇಕಾ, ಎರೆಭೂತ ತಗೋ, ನಮ್ಮ ದೇಶದ ಬಸ್ಟರ್ಡ್. ಇಡೀ ದೇಶದ ಕಾಡಲ್ಲಿ 150ರ ಆಸುಪಾಸು ಅಂತ ಲೆಕ್ಕ, ನಮ್ಮ ರಾಜ್ಯದಲ್ಲಿ ಸಿರುಗುಪ್ಪ ಕಡೆ ಬೆರಳೆಣಿಕೆ. ಸಾಮಾನ್ಯವಾಗಿ ಒಂದೇ ಮೊಟ್ಟೆ ಇಡೋದು ಅದೂ ಬರೀ ನೆಲದ ಮೇಲೆ. ಉಳಿದಿರೋವು ಹೆಚ್ಚುಕಮ್ಮಿ ಎಲ್ಲಾ ಜೈಸಲ್ಮೇರಲ್ಲಿ, ಅದ್ರಲ್ಲೂ ಒಂದು ಗುಂಪು ಇರೋದು ಪೋಖ್ರಾನ್ ಫೈರಿಂಗ್ ರೇಂಜ್ ಒಳಗೇ, 74ರಲ್ಲೂ 98ರಲ್ಲೂ ಬಾಂಬ್ ಟೆಸ್ಟ್ ಮಾಡಿದ ಅದೇ ಪೋಖ್ರಾನ್. ಆರ್ಮಿ ಶೆಲ್ ಬಿದ್ದು ಅವು ಖಾಲಿಯಾಗ್ತಿಲ್ಲ, ಹೊರಗಡೆ ಕರೆಂಟ್ ತಂತಿಗೆ ಡಿಕ್ಕಿ ಹೊಡ್ಕೊಂಡು ಸಾಯ್ತವೆ, ಅವಕ್ಕೆ ಕಣ್ಣು ಪಕ್ಕಕ್ಕಿದೆ ಎದುರುಗಡೆ ಸರಿಯಾಗಿ ಕಾಣಲ್ಲ. ಅದ್ಕೇ 2021ರಲ್ಲಿ ಸುಪ್ರೀಂ ಕೋರ್ಟು ತಂತಿ ನೆಲದೊಳಗೆ ಹಾಕಿ ಅಂದಿದ್ದು, 2024ರಲ್ಲಿ ಅದನ್ನ ಸಡಿಲ ಮಾಡ್ತು

ನಾನು, 9:48
ನಾನೂ ಒಂದು ಹೇಳ್ತೀನಿ. ಹುಲ್ಲುಗಾವಲಿಗೂ ಸೈನ್ಯಕ್ಕೂ ನಂಟು ಅಮೆರಿಕದೋರು ಕಂಡುಹಿಡಿದಿದ್ದಲ್ಲ, ನಮ್ಮ ಮೈಸೂರು ಸೀಮೇದೇ. ಅಮೃತ್ ಮಹಲ್ ಕಾವಲು ಅಂತೀವಲ್ಲ, ಅರಮನೆ ದನ ಮೇಯ್ತಿದ್ದ ಬಯಲು, ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಅದು ಬೆಣ್ಣೆ ಚಾವಡಿ, ಹೆಸರಿಗೆ ಬೆಣ್ಣೆ, ಆಮೇಲಾಮೇಲೆ ಆ ದನಗಳ ಕೆಲ್ಸ ದಂಡಿನ ಸಾಮಾನು ಫಿರಂಗಿ ಎಳೆಯೋದು. ಟಿಪ್ಪು ಅಮೃತ್ ಮಹಲ್ ಅಂತ ಹೆಸರಿಟ್ಟ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ಮೇಲೆ ಬ್ರಿಟಿಷರೂ ಆ ದನ ಬಿಡ್ಲಿಲ್ಲ, ಅವರ ಫಿರಂಗಿಗೂ ಅವೇ ಬೇಕಿತ್ತು. ಆ ಎತ್ತಿಗೆ ಮೇವು ಬೇಕು ಅಂತ ಕಾವಲು ಉಳೀತು, ಉಳುಮೆಗೆ ಕೊಡ್ಲಿಲ್ಲ, ಅದರಿಂದಾನೇ ಕೃಷ್ಣಮೃಗ ಎರೆಭೂತ ಎಲ್ಲ ಅಷ್ಟು ದಿನ ಇದ್ವು. ಎತ್ತು ಬೇಡ ಆದ ದಿನ ಕಾವಲಿಗೆ ಕೇಳೋರಿಲ್ಲ ಆಯ್ತು

ಕಿಟ್ಟಣ್ಣ, 9:51
ಹಂಗಾರೆ ಸರಿಯಾಗೇ ಆಯ್ತಲ್ಲ, ಚಳ್ಳಕೆರೇಲಿ ಕಾವಲು ತಿರ್ಗ ಮಿಲಿಟರಿ ಸಂಶೋಧನೆ ಮಾಡೋ ಡಿಆರ್‌ಡಿಒಗೇ ಕೊಟ್ರು. ಖುಷಿ ಪಡಿ

ನಾನು, 9:58
ಅಲ್ಲೇ ನಂಗೆ ಕೊರಗು ಇರೋದು. ಡಿಆರ್‌ಡಿಒ, ಇಸ್ರೋ, ಅಣು ಸಂಶೋಧನೆಯ ಬಾರ್ಕ್, ಐಐಎಸ್ಸಿ ಎಲ್ಲ ಸೇರಿ 8,000 ಎಕರೆಗೂ ಮೇಲೆ. ಡ್ರೋನ್ ಹಾರಿಸೋಕೆ ಬಯಲು ಬೇಕು ಸರಿ, ಯಾರೂ ಬೇಡ ಅನ್ನಲ್ಲ. ಆದ್ರೆ ಕಾಂಪೌಂಡ್ ಎದ್ದು ಕುರಿಯೋರು ಕಂಬಳಿ ನೇಯೋರು ಆಚೆಗೆ ಬಿದ್ರು. ಜನ ಗ್ರೀನ್ ಟ್ರಿಬ್ಯುನಲ್‌ವರೆಗೂ ಹೋಗಿದ್ರು. ಮಾವ ಹೇಳಿದ ಸುಣ್ಣದ ಕಲ್ಲಿಗೂ ಆ ಗೋಡೆಗೂ ವ್ಯತ್ಯಾಸ ಇಲ್ವಾ? ಬಯಲನ್ನ ಬಯಲಾಗಿ ಇಟ್ಕೊಂಡು ಫೈರಿಂಗ್ ಮಾಡೋದು ಒಂದು, ಕಟ್ಟಡ ರೋಡು ಮಾಡಿ ಬಯಲನ್ನೇ ಮುಗಿಸೋದು ಇನ್ನೊಂದು. ಎರಡಕ್ಕೂ ದೇಶರಕ್ಷಣೆ ಅಂತ ಒಂದೇ ಬೋರ್ಡ್ ಹಾಕ್ಬೇಡ

ಫೌಜಿ ಮಾವ, 10:02
ಇದು ಸರಿ. ನಮ್ ರೇಂಜಲ್ಲಿ ಹಳ್ಳಿಯೋರ ಮೇಕೆ ಫೈರಿಂಗ್ ಇಲ್ಲದ್ ದಿನ ಬರ್ತಿದ್ವು. ಕೆಂಪು ಬಾವುಟ ಇಳುದ್ರೆ ಮೇಕೆ, ಏರುದ್ರೆ ನಾವು

ಕಿಟ್ಟಣ್ಣ, 10:05
ಎಲ್ರೂ ಸೇರ್ಕಂಡ್ ನನ್ನೊಬ್ಬನ್ ಮ್ಯಾಲೆ ಬಿದ್ರಿ. ನಾನೇನ್ ಹಕ್ಕಿ ಸಾಯ್ಸು ಅಂದ್ನಾ. ನಾನೂ ಪ್ರಕೃತಿ ಪ್ರೇಮೀನೇ ಹೋದ್ ಭಾನ್ವಾರನೂ ಫ್ಯಾಮಿಲಿ ಸಮೇತ ಕನ್ನಂಬಾಡಿ ಹಿನ್ನೀರಿಗೆ ಹೋಗಿದ್ದೆ ಫೋಟೋ ಹಾಕಿದ್ನಲ್ಲ ಎಲ್ರೂ ಹಾರ್ಟ್ ಕೊಟ್ರಿ

ನಾನು, 10:07
ಕೊಟ್ಟಿದ್ದು ನಾನೂ ಸೇರಿ. ತಪ್ಪಾಯ್ತು. ಆ ಫೋಟೋ ಈಗ ತಿರ್ಗ ನೋಡ್ತಾ ಇದೀನಿ

ನಾನು, 10:11
(ಫೋಟೋ)
ಕಟ್ಟೆ ತುಂಬಿದ್ರೆ 124.80 ಅಡಿ, ಈಗ ಬೇಸಿಗೇಲಿ ಇಳಿದು ಇಷ್ಟಗಲ ಒಣ ಮಣ್ಣು ತೇಲಿದೆಯಲ್ಲ ಅದರ ಮೇಲೆ ನೀನು ಹೊಸ ಜೀಪಲ್ಲಿ ರೌಂಡು ಹೊಡ್ದಿದೀಯ, ಚಕ್ರದ ಗೀರು ಎಂಟರ ಥರ ಕಾಣ್ತಿದೆ. ಜೀಪ್ ಮೇಲ್ಗಡೆ ಬಿಳಿ ಹಕ್ಕಿ ಐದಾರು ಹಾರ್ತಾ ಇವೆ ನೋಡು. ನೀನು ಕೆಳಗೆ ‘ನೇಚರ್ ವೆಲ್ಕಮ್ ಮಾಡ್ತು’ ಅಂತ ಬರ್ದಿದ್ದೆ

ಚಿನ್ನಿ, 10:13
ಅಣ್ಣ ಅವು ರೀವ. ರಿವರ್ ಟರ್ನ್. ವೆಲ್ಕಮ್ ಅಲ್ಲ ಓಡಿಸ್ತಿರೋದು. ಬೇಸಿಗೇಲಿ ನೀರು ಇಳಿದಾಗ ಅಂಥ ಮಣ್ಣಲ್ಲೇ ಮೊಟ್ಟೆ ಇಡ್ತವೆ, ಟಿಟ್ಟಿಭನೂ ಅಷ್ಟೇ

ಕಿಟ್ಟಣ್ಣ, 10:14
ಅಲ್ಲಿ ಒಂದ್ ಗೂಡೂ ಇರ್ಲಿಲ್ಲ. ನಾನ್ ಕಣ್ಣಾರೆ ನೋಡಿವ್ನಿ. ಬರೀ ಮಣ್ಣು ಕಲ್ಲು

ಫೌಜಿ ಮಾವ, 10:15
ಕಲ್ಲು

ಕಿಟ್ಟಣ್ಣ, 10:16
ಮಾವ ನೀವೂನಾ

ನಾನು, 10:20
ಪೋಖ್ರಾನಲ್ಲಿ ಯಾರೂ ಭಾನುವಾರ ಜೀಪ್ ತಗೊಂಡು ಒಳಗೆ ಹೋಗೋಕಾಗಲ್ಲ ಕಿಟ್ಟಣ್ಣ, ಕಾವಲಿಗೆ ಬಂದೂಕಿದೆ. ಅದ್ಕೇ ಎರೆಭೂತ ಅಲ್ಲಿದೆ. ಹಿನ್ನೀರಿಗೆ ಬಂದೂಕಿಲ್ಲ, ನೀನಿದೀಯ ನಾನಿದೀನಿ. ಆಮೇಲೆ ಇನ್ನೊಂದು, 1972ರ ವನ್ಯಜೀವಿ ಕಾಯ್ದೇಲಿ ಬೇಟೆ ಅನ್ನೋ ಪದದ ಅರ್ಥದೊಳಗೇ ಕಾಡುಹಕ್ಕಿ ಮೊಟ್ಟೆ ಒಡೆಯೋದು ಗೂಡು ಕೆಡಿಸೋದು ಬರುತ್ತೆ. ಗೊತ್ತಿರ್ಲಿ

ಬೆಂಗ್ಳೂರ್ ಭಾವ, 10:22
ಪರ್ಸನಲ್ ಹೋಗೋದು ಬೇಡ, ಫ್ಯಾಮಿಲಿ ಗ್ರೂಪಿದು

ಲಕ್ಷ್ಮಿ ಅತ್ತೆ, 10:24
ಹೌದು ಸಾಕು ಬುಡಿ. ಕಿಟ್ಟಿ ನೀನ್ ಬೇಜಾರ್ ಮಾಡ್ಕಬ್ಯಾಡ. ಜೀಪಲ್ಲಿ ಮುಂದೆ ಕುಂತಿರೋದು ಪುಟ್ಟೀನಾ, ಎಷ್ಟ್ ಉದ್ದ ಆಗವಳೆ

ಕಿಟ್ಟಣ್ಣ, 10:25
ಹೂಂ ಪುಟ್ಟಿ

ಕಿಟ್ಟಣ್ಣ, 11:38
ಚಿನ್ನಿ ಎದ್ದಿದೀಯಾ

ಚಿನ್ನಿ, 11:39
ಹೇಳಣ್ಣ

ಕಿಟ್ಟಣ್ಣ, 11:40
(ಫೋಟೋ)
ದೊಡ್ದು ಮಾಡಿ ಕಳ್ಸಿವ್ನಿ. ಎಡಗಡೆ ಟೈರ್ ಮುಂದ್ಗಡೆ ಮೂರು ಅವಲ್ಲ. ಕಲ್ಲೇ ಅಲ್ವಾ ಅವು

ಚಿನ್ನಿ, 11:43
ಫೋಟೋ ಒಡೆದುಹೋಗಿದೆ ಅಣ್ಣ ಏನೂ ಗೊತ್ತಾಗ್ತಿಲ್ಲ. ಒರಿಜಿನಲ್ ಇದೆಯಾ

ಕಿಟ್ಟಣ್ಣ, 11:44
ಪುಟ್ಟಿ ಫೋನಲ್ಲಿ ಅದೆ. ಮಲ್ಗವಳೆ. ಬೆಳಿಗ್ಗೆ ಕಳುಸ್ತೀನಿ ಗ್ರೂಪಲ್ಲಿ ಬ್ಯಾಡ ನಿಂಗೇ ಕಳುಸ್ತೀನಿ